ಸೊಂಟದಲ್ಲಿ ಪಿಸ್ತೂಲು, ಕೈತುಂಬ ಕೆಲಸ

ಕೇಳುಗರಿಗೆ ನಮಸ್ಕಾರ.

ಅಮೆರಿಕದಲ್ಲಿ ರಾತ್ರಿ ಪಾಳಿಯಲ್ಲಿ ಅಂಗಡಿಯ ಗಲ್ಲಾ ನೋಡಿಕೊಳ್ಳುವವರು, ಟ್ಯಾಕ್ಸಿ ಓಡಿಸುವವರು, ಮನೆಮನೆಗೆ ಪಿಜ್ಜಾ ತಲುಪಿಸುವವರು, ಗುರುತು ಪರಿಚಯವಿಲ್ಲದ ಗಿರಾಕಿಗೆ ಖಾಲಿ ಮನೆ ತೋರಿಸಲು ಒಂಟಿಯಾಗಿ ಹೋಗುವ ದಲ್ಲಾಳಿಗಳು, ಇವರಲ್ಲಿ ಎಷ್ಟೋ ಮಂದಿ ಅಂಗಿಯ ಕೆಳಗೆ ಪಿಸ್ತೂಲು ಸಿಕ್ಕಿಸಿಕೊಂಡೇ ಕೆಲಸಕ್ಕೆ ಹೋಗುತ್ತಾರೆ. ಅದು ಸರಿಯೋ ತಪ್ಪೋ ಎಂಬ ಜಗಳ ಆ ದೇಶದಲ್ಲಿ ಮುಗಿಯುವಂಥದ್ದಲ್ಲ, ಅದಕ್ಕೆ ನಾನು ಇವತ್ತು ಕೈ ಹಾಕುವುದಿಲ್ಲ. ಇಡೀ ಪಾಳಿ ಆಯುಧವನ್ನು ಮೈಮೇಲೆ ಇಟ್ಟುಕೊಂಡು ಕೆಲಸ ಮಾಡುವುದೆಂದರೆ ಏನು, ಅದರ ಬಗ್ಗೆ ಮಾತ್ರ ಒಂದಿಷ್ಟು ಹೇಳುತ್ತೇನೆ.

ಮೊದಲು ಮೈಯ ಸಂಗತಿಯನ್ನೇ ನೋಡೋಣ. ಗುಂಡು ತುಂಬಿದ ಮಧ್ಯಮ ಗಾತ್ರದ ಪಿಸ್ತೂಲು ಸುಮಾರು 850 ಗ್ರಾಂ ತೂಗುತ್ತದೆ. ಅದನ್ನು ಬಲ ಸೊಂಟದ ಹಿಂಭಾಗದಲ್ಲೋ, ಹೊಟ್ಟೆಯ ಮುಂದೆಯೋ, ಪ್ಯಾಂಟಿನ ಒಳಮಗ್ಗುಲಿಗೆ ಒರೆಯ ಸಮೇತ ಸಿಕ್ಕಿಸುತ್ತಾರೆ. ಕನ್ನಡಿಯ ಮುಂದೆ ನೆಟ್ಟಗೆ ನಿಂತಾಗ ಏನೂ ಕಾಣುವುದಿಲ್ಲ. ಆದರೆ ಕೆಲಸದಲ್ಲಿ ಯಾರು ನೆಟ್ಟಗೆ ನಿಂತಿರುತ್ತಾರೆ? ಕೆಳಗಿನ ಕಪಾಟಿಗೆ ಹಾಲಿನ ಡಬ್ಬ ಜೋಡಿಸಲು ಬಗ್ಗಿದರೆ ಸೊಂಟದ ಹಿಂದಿರುವ ಪಿಸ್ತೂಲಿನ ಹಿಡಿ ಬಟ್ಟೆಯನ್ನು ಒತ್ತಿಕೊಂಡು ಎದ್ದು ಕಾಣುತ್ತದೆ. ಮೇಲಿನ ಅಟ್ಟಣಿಗೆಗೆ ಕೈ ಚಾಚಿದರೆ ಅಂಗಿಯೇ ಮೇಲೆ ಸರಿಯುತ್ತದೆ. ಹೊಟ್ಟೆಯ ಮುಂದೆ ಇಟ್ಟುಕೊಂಡರೆ ಬಗ್ಗಿದಾಗ ಅಷ್ಟು ಕಾಣದು, ಆದರೆ ಕೂತಾಗ ಪಕ್ಕೆಗೂ ತೊಡೆಗೂ ನಡುವೆ ಚುಚ್ಚುತ್ತಿರುತ್ತದೆ. ಚಾಲಕರ ಪಾಡು ಇನ್ನೂ ಕಷ್ಟ. ಸೀಟು ಬೆಲ್ಟು ಸರಿಯಾಗಿ ಒರೆಯ ಮೇಲೇ ಹಾದುಹೋಗುತ್ತದೆ, ಬೇಕೆಂದಾಗ ಕೈಗೆ ಸಿಗುವುದೇ ಇಲ್ಲ.

ಇನ್ನೊಂದು ಅಭ್ಯಾಸ ಬಹಳ ಮಂದಿಗೆ ಅಂಟಿಕೊಳ್ಳುತ್ತದೆ. ಇದೆಯೋ ಜಾರಿತೋ ಎಂದು ಕೈ ತಾನೇ ತಾನಾಗಿ ಸೊಂಟದ ಕಡೆ ಹೋಗುತ್ತಿರುತ್ತದೆ, ಮೊಣಕೈ ಅಲ್ಲೇ ಅಂಟಿಕೊಂಡಿರುತ್ತದೆ. ನೋಡುವ ಕಣ್ಣಿದ್ದವನಿಗೆ ಅಷ್ಟು ಸಾಕು. ಇನ್ನು ಶೌಚಾಲಯ. ಪ್ಯಾಂಟು ಕೆಳಗಿಳಿಸಬೇಕು, ಪಿಸ್ತೂಲನ್ನು ಎಲ್ಲಿಡಬೇಕು? ಪಕ್ಕದ ಕಾಗದದ ಡಬ್ಬಿಯ ಮೇಲಿಟ್ಟು ಮರೆತು ಬಂದವರಲ್ಲಿ ತರಬೇತಿ ಪಡೆದ ಪೊಲೀಸರೂ ಇದ್ದಾರೆ. ಅನುಭವಿ ತರಬೇತುದಾರರು ಹೇಳುವುದು ಒಂದೇ ಮಾತು: ಒರೆಯಿಂದ ಹೊರಗೆ ತೆಗೆಯಲೇಬೇಡಿ, ಒರೆಯ ಸಮೇತ ಬಟ್ಟೆಯೊಳಗೇ ಇರಲಿ. ಆಕಸ್ಮಿಕವಾಗಿ ಗುಂಡು ಹಾರುವ ಪ್ರಸಂಗಗಳು ಹೆಚ್ಚಾಗಿ ಆಗುವುದು ತೆಗೆದಿಡುವಾಗ, ಮತ್ತೆ ಒರೆಗೆ ತೂರಿಸುವಾಗ. ಜಾಕೆಟ್ಟಿನ ದಾರವೋ ಅಂಗಿಯ ಅಂಚೋ ಒರೆಯೊಳಗೆ ನುಗ್ಗಿ ಟ್ರಿಗರ್ ಎಳೆದುಬಿಟ್ಟ ಉದಾಹರಣೆಗಳಿವೆ. ಆದ್ದರಿಂದ ಟ್ರಿಗರನ್ನು ಪೂರ್ತಿ ಮುಚ್ಚುವ ಗಟ್ಟಿ ಒರೆ ಬೇಕೇ ಬೇಕು. ಒರೆಯಿಲ್ಲದೆ ಪ್ಯಾಂಟಿನ ಜೇಬಿಗೆ ಹಾಕಿಕೊಳ್ಳುವವರನ್ನು ಕಂಡರೆ ನನಗೆ ಕಳ್ಳನಿಗಿಂತ ಅವರದೇ ಭಯ.

ಕೆಲಸದ ಜಾಗವೇ ಅಪಾಯ ತಂದೊಡ್ಡುವುದೂ ಉಂಟು. ನ್ಯೂಯಾರ್ಕ್ ರಾಜ್ಯದ ಒಂದು ಎಂಆರ್‌ಐ ಕೇಂದ್ರದಲ್ಲಿ ನಡೆದದ್ದು 2002ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ವರದಿಯಾಗಿದೆ. ತಪಾಸಣೆಗೆ ಬಂದ ಪೊಲೀಸ್ ಅಧಿಕಾರಿಯೊಬ್ಬರು ಪಿಸ್ತೂಲನ್ನು ಕೋಣೆಯೊಳಗೇ ಕಪಾಟಿನ ಮೇಲಿಡಲು ಹೋದರು. ಯಂತ್ರದ ಅಯಸ್ಕಾಂತ ಅದನ್ನು ಕೈಯಿಂದ ಕಿತ್ತುಕೊಂಡು ಎಳೆದುಕೊಂಡಿತು, ಗುಂಡು ಹಾರಿ ಗೋಡೆಗೆ ಹೊಕ್ಕಿತು. ಯಾರಿಗೂ ಏಟಾಗಲಿಲ್ಲ ಎಂಬುದು ಅದೃಷ್ಟ.

ಇನ್ನು ಕಾನೂನು. 2022ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಮನೆಯ ಹೊರಗೂ ಆತ್ಮರಕ್ಷಣೆಗೆ ಕೈಬಂದೂಕು ಒಯ್ಯುವುದು ನಾಗರಿಕರ ಹಕ್ಕು ಎಂದು ತೀರ್ಪು ಕೊಟ್ಟಿತು. ಪರವಾನಗಿ ಕೇಳುವವರು ವಿಶೇಷ ಕಾರಣ ತೋರಿಸಬೇಕೆಂಬ ನ್ಯೂಯಾರ್ಕಿನ ನೂರು ವರ್ಷ ದಾಟಿದ ಕಾನೂನು ಬಿದ್ದುಹೋಯಿತು. 2024ರ ಹೊತ್ತಿಗೆ 29 ರಾಜ್ಯಗಳಲ್ಲಿ ಪರವಾನಗಿಯೇ ಬೇಡವಾಯಿತು. ವರ್ಮಾಂಟ್ ರಾಜ್ಯವಂತೂ ಅದನ್ನು ಎಂದೂ ಕೇಳಿದ್ದಿಲ್ಲ. ಇದನ್ನೆಲ್ಲ ಓದಿದ ನೌಕರ, ಇನ್ನೇನು, ನನ್ನ ಹಕ್ಕು ನನ್ನ ಸೊಂಟದಲ್ಲಿದೆ ಎಂದುಕೊಳ್ಳುತ್ತಾನೆ.

ಅಲ್ಲೇ ಅವನು ಎಡವುವುದು. ಆ ಹಕ್ಕು ಸರ್ಕಾರದ ಎದುರಿನದು, ಯಜಮಾನನ ಎದುರು ಅದು ನಡೆಯುವುದಿಲ್ಲ. ಮೊಂಟಾನಾ ಒಂದನ್ನು ಬಿಟ್ಟರೆ ಉಳಿದ ಕಡೆಯೆಲ್ಲ ಖಾಸಗಿ ನೌಕರನನ್ನು ಕಾರಣ ಕೊಡದೆಯೂ ಮನೆಗೆ ಕಳಿಸಬಹುದೆಂಬುದೇ ಸಾಮಾನ್ಯ ನಿಯಮ. ಕಂಪನಿಯ ಕೈಪಿಡಿಯಲ್ಲಿ ಆಯುಧ ಕೂಡದು ಎಂದು ಒಂದು ಸಾಲಿದ್ದರೆ ಮುಗಿಯಿತು, ಪರವಾನಗಿ ಜೇಬಿನಲ್ಲಿದ್ದರೂ ಕೆಲಸ ಹೋಗುತ್ತದೆ. ಟೆಕ್ಸಾಸ್‌ನಲ್ಲಿ ಪರವಾನಗಿದಾರರನ್ನೂ ತಡೆಯಬೇಕೆಂದರೆ ಅಂಗಡಿಯವರು ಬಾಗಿಲಲ್ಲಿ ಇಂಗ್ಲಿಷ್, ಸ್ಪ್ಯಾನಿಷ್ ಎರಡರಲ್ಲೂ ಕನಿಷ್ಠ ಒಂದು ಇಂಚು ಎತ್ತರದ ಅಕ್ಷರಗಳಲ್ಲಿ ಫಲಕ ಹಾಕಬೇಕು. ನೌಕರನಿಗೆ ಅಂಥ ಫಲಕವೇನೂ ಬೇಕಿಲ್ಲ, ಯಜಮಾನ ಹೇಳಿದರೆ ಆಯಿತು. ಫೆಡರಲ್ ಸರ್ಕಾರದ ಕಟ್ಟಡಕ್ಕೆ ಸಾಮಾನು ತಲುಪಿಸಲು ಹೋದವನು ಗೊತ್ತಿದ್ದೂ ಸೊಂಟದ ಪಿಸ್ತೂಲಿನೊಂದಿಗೆ ಒಳಗೆ ಹೋದರೆ ಒಂದು ವರ್ಷದವರೆಗೆ ಜೈಲಾಗಬಹುದು. ದಿನಕ್ಕೆ ಹತ್ತಾರು ಬಾಗಿಲು ತಟ್ಟುವ ಕೆಲಸದವರಿಗೆ ಇದೇ ದೊಡ್ಡ ತಲೆನೋವು, ಒಂದೊಂದು ಬಾಗಿಲಿಗೂ ಒಂದೊಂದು ನಿಯಮ.

ನಿಲ್ಲಿಸಿದ ಕಾರಿನಲ್ಲಿ ಇಡಬಹುದಲ್ಲ ಎನ್ನುತ್ತೀರಿ. ಅದಕ್ಕೂ ಒಂದು ಕಥೆಯಿದೆ. 2002ರಲ್ಲಿ ಒಕ್ಲಹೋಮಾದ ವೇಲಿಯಂಟ್ ಎಂಬ ಊರಿನ ಕಾಗದದ ಗಿರಣಿಯಲ್ಲಿ ನೌಕರರ ಕಾರುಗಳನ್ನು ತಪಾಸಣೆ ಮಾಡಿ, ಬಂದೂಕು ಸಿಕ್ಕವರನ್ನು ಕೆಲಸದಿಂದ ತೆಗೆದರು. ದೊಡ್ಡ ಗದ್ದಲವಾಯಿತು. ಬೀಗ ಹಾಕಿದ ಕಾರಿನೊಳಗೆ ಬಂದೂಕಿಟ್ಟರೆ ಕಂಪನಿಗಳು ತಡೆಯುವಂತಿಲ್ಲ ಎಂದು ಆ ರಾಜ್ಯ 2004ರಲ್ಲಿ ಕಾನೂನು ಮಾಡಿತು. 2008ರಲ್ಲಿ ಫ್ಲೋರಿಡಾ, ಆಮೇಲೆ ಇನ್ನೂ ಹಲವು ರಾಜ್ಯಗಳು ಅದೇ ದಾರಿ ಹಿಡಿದವು. ಆದರೆ ಯೋಚನೆ ಮಾಡಿ. ದರೋಡೆಕೋರ ಬರುವುದು ಗಲ್ಲಾದ ಬಳಿಗೆ, ಪಿಸ್ತೂಲು ಇರುವುದು ಹೊರಗೆ ನಿಂತ ಕಾರಿನಲ್ಲಿ. ಮೇಲಾಗಿ ಅಲ್ಲಿ ಕಳುವಾಗುವ ಬಂದೂಕುಗಳಲ್ಲಿ ದೊಡ್ಡ ಪಾಲು ಕಾರುಗಳಿಂದಲೇ ಹೋಗುವುದು.

ಸರಿ, ಮೈಮೇಲೆಯೇ ಇದೆ ಎಂದುಕೊಳ್ಳೋಣ. ಆಗಲಾದರೂ ಹೊತ್ತಿಗೆ ಒದಗೀತೇ? ಸಾಲ್ಟ್ ಲೇಕ್ ಸಿಟಿಯ ಪೊಲೀಸ್ ತರಬೇತುದಾರ ಡೆನಿಸ್ ಟ್ಯುಲರ್ 1983ರಲ್ಲಿ ಬರೆದ ಲೆಕ್ಕ ಇವತ್ತಿಗೂ ತರಬೇತಿಗಳಲ್ಲಿ ಚಾಲ್ತಿಯಲ್ಲಿದೆ: ಚಾಕು ಹಿಡಿದು ಓಡಿಬರುವವನು 21 ಅಡಿಯನ್ನು ಸುಮಾರು ಒಂದೂವರೆ ಸೆಕೆಂಡಿನಲ್ಲಿ ದಾಟುತ್ತಾನೆ. ಪಳಗಿದ ಪೊಲೀಸನಿಗೆ ಹೊರಗೆ ಕಾಣುವ ಒರೆಯಿಂದ ಪಿಸ್ತೂಲು ತೆಗೆದು ಹಾರಿಸಲು ಬೇಕಾಗುವುದೂ ಅಷ್ಟೇ ಹೊತ್ತು. ಗುಮಾಸ್ತನಿಗೋ ಗಲ್ಲಾದ ಆಚೆಗೆ ಇರುವುದು ಮೂರು ಅಡಿ. ಪಿಸ್ತೂಲು ಅಂಗಿಯ ಕೆಳಗೆ, ಒಂದು ಕೈಯಲ್ಲಿ ಚಿಲ್ಲರೆ. ಎದುರಿನವನ ಆಯುಧ ಆಗಲೇ ಹೊರಬಂದಿದ್ದರೆ ಹಣ ಕೊಟ್ಟು ಕಳಿಸುವುದೇ ಜಾಣತನ. ಇದನ್ನು ನಾನು ಹೇಡಿತನ ಎನ್ನಲಾರೆ.

ಹಾಗಂತ ಕೆಲಸಕ್ಕೆ ಬಂದದ್ದೇ ಇಲ್ಲವೆಂದರೆ ಸುಳ್ಳಾದೀತು. 2015ರ ಏಪ್ರಿಲ್‌ನಲ್ಲಿ ಷಿಕಾಗೊದಲ್ಲಿ ಜನರತ್ತ ಗುಂಡು ಹಾರಿಸುತ್ತಿದ್ದವನನ್ನು ಪರವಾನಗಿ ಇದ್ದ ಊಬರ್ ಚಾಲಕನೊಬ್ಬ ತನ್ನ ಪಿಸ್ತೂಲಿನಿಂದ ಹೊಡೆದು ಕೆಡವಿದ. ಅವನ ಮೇಲೆ ಯಾವ ಮೊಕದ್ದಮೆಯೂ ಬೀಳಲಿಲ್ಲ. ಆದರೂ ಅದೇ ವರ್ಷದ ಜೂನ್‌ನಲ್ಲಿ ಊಬರ್ ಕಂಪನಿ ಚಾಲಕರಿಗೂ ಪ್ರಯಾಣಿಕರಿಗೂ ಬಂದೂಕು ನಿಷೇಧಿಸಿತು.

ಪಿಸ್ತೂಲಿಗಿಂತ ಮೊದಲು ನೋಡಬೇಕಾದವು ಬೇರೆ ಇವೆ ಎಂಬುದು ನನ್ನ ಅಭಿಪ್ರಾಯ. 1970ರ ದಶಕದ ಮಧ್ಯದಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದ ಕೆಲವು ಸೆವೆನ್-ಇಲೆವೆನ್ ಅಂಗಡಿಗಳಲ್ಲಿ ಒಂದು ಪ್ರಯೋಗ ನಡೆಯಿತು. ಗಲ್ಲಾದಲ್ಲಿ ಸ್ವಲ್ಪವೇ ನಗದು ಇಟ್ಟರು, ಉಳಿದದ್ದನ್ನು ನೌಕರನೂ ತೆರೆಯಲಾಗದ ತಿಜೋರಿಗೆ ಹಾಕಿದರು, ಕಿಟಕಿಗೆ ಅಂಟಿಸಿದ್ದ ಜಾಹೀರಾತು ಕಿತ್ತು ರಸ್ತೆಯಿಂದ ಗಲ್ಲಾ ಕಾಣುವಂತೆ ಮಾಡಿದರು. ಆ ಅಂಗಡಿಗಳಲ್ಲಿ ದರೋಡೆ ಸುಮಾರು ಶೇಕಡಾ 30ರಷ್ಟು ಇಳಿಯಿತು. ಇದಕ್ಕೆ ಖರ್ಚು ಮಾಡಬೇಕಾದವನು ಯಜಮಾನ. ಅವನು ಕೈಚೆಲ್ಲಿ ಕೂತ ಕಡೆಯಲ್ಲೇ ನೌಕರ ತನ್ನ ದುಡ್ಡಿನಲ್ಲಿ ಪಿಸ್ತೂಲು ಕೊಳ್ಳುವುದು, ಅದನ್ನು ಯಜಮಾನನಿಂದಲೂ ಬಚ್ಚಿಡುವುದು.

ಕೊನೆಗೊಂದು ಮಾತು, ಗುಂಡು ಹಾರಿದ ಮೇಲಿನದು. ಪೊಲೀಸರು ಬಂದಾಗ ಅವರಿಗೆ ಕಾಣುವುದು ಕೈಯಲ್ಲಿ ಪಿಸ್ತೂಲಿರುವ ಒಬ್ಬ ಮನುಷ್ಯ. ದರೋಡೆಕೋರ ಯಾರು, ಗುಮಾಸ್ತ ಯಾರು ಎಂದು ಅವರಿಗೆ ಗೊತ್ತಿರುವುದಿಲ್ಲ. ಅದಕ್ಕೇ ಫೋನಿನಲ್ಲೇ ತನ್ನ ಬಟ್ಟೆಯ ಬಣ್ಣ ಹೇಳಬೇಕು, ಅಪಾಯ ಕಳೆದಿದ್ದರೆ ಅವರು ಒಳಗೆ ಕಾಲಿಡುವ ಮೊದಲೇ ಪಿಸ್ತೂಲು ಒರೆ ಸೇರಿರಬೇಕು, ಅಂಗೈ ತೆರೆದು ತೋರಿಸಬೇಕು. ಆಮೇಲೆ ವಿಚಾರಣೆ, ವಕೀಲರ ಖರ್ಚು, ಗುಂಡು ತಗುಲಿದವನ ಕಡೆಯವರು ಹೂಡಬಹುದಾದ ಸಿವಿಲ್ ದಾವೆ. ಕಂಪನಿಯ ನಿಯಮ ಮುರಿದ ನೌಕರನಿಗೆ ಅಲ್ಲಿ ಕಂಪನಿಯ ವಕೀಲ ಸಿಗುತ್ತಾನೆಂಬ ಭರವಸೆ ಇಲ್ಲ. ನ್ಯಾಯಾಲಯ ನಿರ್ದೋಷಿ ಎಂದರೂ ಹೋದ ಕೆಲಸವನ್ನು ವಾಪಸು ಕೊಡಿಸುವುದು ಆ ತೀರ್ಪಿನ ಕೈಯಲ್ಲಿರುವುದಿಲ್ಲ. ನಮಸ್ಕಾರ.