ಹಿರಿಯರ ವಸತಿ ಸಮುಚ್ಚಯ: ಎಂಬತ್ತೆರಡರ ವಯಸ್ಸಿನ ಲೆಕ್ಕ

ಆತ್ಮೀಯ ಕೇಳುಗರೇ, ನಮಸ್ಕಾರ.

ಅರವತ್ತು ದಾಟಿದವರು ನಾಲ್ಕು ಜನ ಸೇರಿದರೆ ಈಗ ಮಾತು ಬೇಗನೆ ಒಂದೇ ಕಡೆಗೆ ತಿರುಗುತ್ತದೆ. ಮಕ್ಕಳು ಪುಣೆಯಲ್ಲೋ ಡಲ್ಲಾಸಿನಲ್ಲೋ ನೆಲೆಸಿದ್ದಾರೆ. ಮನೆ ದೊಡ್ಡದು, ಮಹಡಿ ಹತ್ತಲು ಮಂಡಿ ಕೇಳುವುದಿಲ್ಲ, ಕೆಲಸದವರು ನಿಲ್ಲುವುದಿಲ್ಲ. ದೇವನಹಳ್ಳಿಯ ಕಡೆ, ಮೈಸೂರಿನ ಹೊರವಲಯದಲ್ಲಿ, ಇನ್ನೂ ಆಚೆ ಕೊಯಮತ್ತೂರಿನಲ್ಲಿ ಹಿರಿಯರಿಗೆಂದೇ ಕಟ್ಟಿದ ವಸತಿ ಸಮುಚ್ಚಯಗಳಿವೆಯಂತೆ, ನಮ್ಮಂಥ ಮಧ್ಯಮ ವರ್ಗದವರ ಕೈಗೆಟುಕುವಂಥವೂ ಇವೆಯಂತೆ, ಹೋಗಿಬಿಡೋಣವೇ? ಹೀಗೆ ಕೇಳಿಕೊಳ್ಳುತ್ತಿರುವವರಿಗಾಗಿ ಇಂದಿನ ಈ ಮಾತು.

ನಾನು ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ತಿಂಗಳ ಮೊದಲ ವಾರ ಪಿಂಚಣಿಗೆಂದು ಬರುತ್ತಿದ್ದ ಹಿರಿಯರ ಪಾಸ್‌ಪುಸ್ತಕಗಳನ್ನು ವರ್ಷಗಟ್ಟಲೆ ನೋಡಿದವನು. ಆದ್ದರಿಂದ ಇಂದು ಹೆಚ್ಚು ಹೊತ್ತು ಹಣದ ವಿಷಯವನ್ನೇ ಮಾತನಾಡುತ್ತೇನೆ. ಆದರೆ ಅದಕ್ಕೂ ಮೊದಲು, ಇಂಥ ಕಡೆ ಹೋಗಿ ನೆಮ್ಮದಿಯಾಗಿರುವವರು ಹೇಳುವ ಒಳಿತನ್ನು ಹೇಳಲೇಬೇಕು.

ಗಂಡ 60ಕ್ಕೆ ನಿವೃತ್ತನಾಗುತ್ತಾನೆ. ಕಚೇರಿಯಲ್ಲಿ ಹಾರ, ಶಾಲು, ಬೀಳ್ಕೊಡುಗೆಯ ಭಾಷಣ ಎಲ್ಲವೂ ನಡೆಯುತ್ತದೆ. ಮರುದಿನ ಬೆಳಗ್ಗೆ ಎದ್ದು ಡಿಕಾಕ್ಷನ್ ಹಾಕುವವಳು ಹೆಂಡತಿಯೇ. ಎಪ್ಪತ್ತೆರಡರಲ್ಲೂ ಮಂಡಿನೋವು ಕಟ್ಟಿಕೊಂಡು ಒಲೆಯ ಮುಂದೆ ನಿಲ್ಲುವವಳು, ಬಂದವರಿಗೆ ತಿಂಡಿ ಏನು ಮಾಡಲಿ ಎಂದು ಕೇಳುವವಳು ಅವಳೇ. ಹಿರಿಯರ ಸಮುಚ್ಚಯದ ಊಟದ ಮನೆ ಅವಳ ಪಾಲಿಗೆ ಬದುಕಿನ ಮೊದಲ ನಿವೃತ್ತಿ. ತಾನೇ ಬಡಿಸಿಕೊಳ್ಳದೆ, ಬಿಸಿ ಅನ್ನ, ಸಾರು ಎದುರಿಗೆ ಬರುವುದೆಂದರೆ ಏನೆಂದು ನಮ್ಮ ಮನೆಗಳ ಹೆಂಗಸರನ್ನು ಕೇಳಿ ನೋಡಿ. ಮಕ್ಕಳು ಏನೆನ್ನುತ್ತಾರೆ, ನೆಂಟರು ಏನೆನ್ನುತ್ತಾರೆ ಎಂದು ಹಿಂಜರಿಯುವ ಗಂಡಸರಿಗೆ ನಾನು ಹೇಳುವುದು ಇಷ್ಟೇ: ಈ ತೀರ್ಮಾನದಲ್ಲಿ ಮೊದಲ ಮತ ಮನೆಯಾಕೆಯದು.

ಉಳಿದ ಅನುಕೂಲಗಳು ಎಲ್ಲರಿಗೂ ಗೊತ್ತಿರುವಂಥವು. ಜಾರದ ನೆಲ, ಬಚ್ಚಲಮನೆಯ ಗೋಡೆಗೆ ಹಿಡಿಕೆ, ಹಾಸಿಗೆಯ ಪಕ್ಕದಲ್ಲಿ ಕರೆಗಂಟೆ, ಗಾಲಿಕುರ್ಚಿ ಹೋಗುವಷ್ಟು ಅಗಲದ ಬಾಗಿಲು, ರಾತ್ರಿಯೂ ಒಬ್ಬ ನರ್ಸ್. ಒಂಟಿಯಾಗಿರುವ ಹಿರಿಯರು ರಾತ್ರಿ ಬಚ್ಚಲಲ್ಲಿ ಬಿದ್ದರೆ ಬೆಳಗ್ಗೆ ಹಾಲಿನವನು ಬರುವವರೆಗೂ ಯಾರಿಗೂ ತಿಳಿಯುವುದಿಲ್ಲ. ಆ ಭಯ ಇಲ್ಲಿ ಇರುವುದಿಲ್ಲ ಎಂಬುದು ಸಣ್ಣ ಮಾತಲ್ಲ.

ಈಗ ಹಣದ ವಿಷಯ. ಕಾಗದ, ಪೆನ್ನು ಹತ್ತಿರವಿದ್ದರೆ ತೆಗೆದುಕೊಳ್ಳಿ, ಸಂಖ್ಯೆಗಳನ್ನು ನಿಧಾನವಾಗಿ ಹೇಳುತ್ತೇನೆ.

ಒಂದು ದಂಪತಿಯನ್ನು ಊಹಿಸಿಕೊಳ್ಳೋಣ. ಸರ್ಕಾರಿ ಪಿಂಚಣಿ ಇಲ್ಲ. ಇಬ್ಬರೂ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ತಲಾ 30 ಲಕ್ಷ ರೂಪಾಯಿ ಇಟ್ಟಿದ್ದಾರೆ. ಒಬ್ಬರಿಗೆ ಅದೇ ಗರಿಷ್ಠ ಮಿತಿ. ಶೇಕಡ 8.2ರ ಬಡ್ಡಿಯಲ್ಲಿ ಒಬ್ಬರಿಗೆ ವರ್ಷಕ್ಕೆ 2,46,000, ಅಂದರೆ ತಿಂಗಳಿಗೆ 20,500 ಬರುತ್ತದೆ. ಇಬ್ಬರಿಗೆ ಸೇರಿ 41,000. ಅವರು ನೋಡಿಬಂದ ಸಮುಚ್ಚಯದಲ್ಲಿ ಊಟ, ನಿರ್ವಹಣೆ ಎಲ್ಲ ಸೇರಿ ಇಬ್ಬರಿಗೆ ತಿಂಗಳಿಗೆ 30,000 ಎಂದಿಟ್ಟುಕೊಳ್ಳಿ. ತಿಂಗಳಿಗೆ 11,000 ಉಳಿಯುತ್ತದೆ, ಸುಖವಾಗಿರಬಹುದು ಎಂದು ಅವರು ಮುಂಗಡ ಕೊಟ್ಟುಬಿಡುತ್ತಾರೆ.

ಒಪ್ಪಂದದ ಒಳಪುಟದಲ್ಲಿ ಶುಲ್ಕ ಪ್ರತಿ ವರ್ಷ ಶೇಕಡ 8ರಷ್ಟು ಏರುತ್ತದೆ ಎಂದು ಬರೆದಿದೆ ಎಂದುಕೊಳ್ಳಿ. ತರಕಾರಿ, ಗ್ಯಾಸ್, ಅಡುಗೆಯವರ ಸಂಬಳ ಎಲ್ಲ ಏರುವ ಕಾಲದಲ್ಲಿ ಅದು ಅನ್ಯಾಯವೇನಲ್ಲ. ನಾಲ್ಕು ವರ್ಷ ಕಳೆಯುವಷ್ಟರಲ್ಲಿ 30,000 ಇದ್ದದ್ದು 40,800 ದಾಟುತ್ತದೆ. ಐದನೆಯ ಏರಿಕೆಗೆ 44,000. ಒಂಬತ್ತು ವರ್ಷಕ್ಕೆ ಹೆಚ್ಚುಕಡಿಮೆ ಎರಡರಷ್ಟು, 60,000ದ ಹತ್ತಿರ. ಬಡ್ಡಿಯೋ, ಅದೇ 41,000. ಅಂದರೆ ಆರನೆಯ ವರ್ಷದಿಂದಲೇ ಅವರು ಅಸಲಿಗೆ ಕೈಹಾಕಬೇಕಾಗುತ್ತದೆ. ಔಷಧಿ, ಫೋನು, ಊರಿಗೆ ಹೋಗಿಬರುವ ಖರ್ಚು, ಮೊಮ್ಮಕ್ಕಳ ಕೈಗೆ ಕೊಡುವ ನೂರಿನ್ನೂರು, ಯಾವುದನ್ನೂ ನಾನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ತುಟ್ಟಿಭತ್ಯೆ ಸಹಿತ ಸರ್ಕಾರಿ ಪಿಂಚಣಿ ಬರುವವರಿಗೆ ಬಿಸಿ ಇಷ್ಟು ತಟ್ಟುವುದಿಲ್ಲ, ಬೆಲೆ ಏರಿದಂತೆ ಅವರ ಭತ್ಯೆಯೂ ಸ್ವಲ್ಪ ಏರುತ್ತದೆ. ಆದರೆ ಅವರೂ ಒಂದು ಲೆಕ್ಕ ಹಾಕಿಕೊಳ್ಳಬೇಕು. ಪಿಂಚಣಿ ಕೊನೆಯ ವೇತನದ ಅರ್ಧ, ಕುಟುಂಬ ಪಿಂಚಣಿ ಸಾಮಾನ್ಯವಾಗಿ ಶೇಕಡ 30. ಪಿಂಚಣಿದಾರ ತೀರಿಕೊಂಡರೆ ಹೆಂಡತಿಯ ಕೈಗೆ ಬರುವುದು 100ರ ಜಾಗದಲ್ಲಿ 60. ಮನೆಯ ನಿರ್ವಹಣಾ ಶುಲ್ಕ ಒಬ್ಬರೇ ಇದ್ದಾರೆಂದು ಅರ್ಧವಾಗುವುದಿಲ್ಲ, ಊಟದ ಭಾಗ ಮಾತ್ರ ಕಡಿಮೆಯಾಗುತ್ತದೆ. ಮಾರಾಟ ಕಚೇರಿಯಲ್ಲಿ ಕುಳಿತಾಗ ನೀವು ಕೇಳಬೇಕಾದ ಮೊದಲ ಪ್ರಶ್ನೆ ಹೀಗಿರಲಿ: ನನ್ನ ಹೆಂಡತಿ 82ನೇ ವಯಸ್ಸಿನಲ್ಲಿ ಒಬ್ಬಳೇ ಇಲ್ಲಿದ್ದರೆ ತಿಂಗಳಿಗೆ ಎಷ್ಟು ಕಟ್ಟಬೇಕು? ಆ ಸಂಖ್ಯೆ ನಿಮಗೆ ಎಟುಕಿದರೆ ಮಾತ್ರ ಆ ಜಾಗ ನಿಮಗೆ ಅಗ್ಗ. ಇಂದು ಮನೆಯ ಬೆಲೆ 35 ಲಕ್ಷವೋ 50 ಲಕ್ಷವೋ ಎಂಬುದು ಅದರ ನಂತರದ ಪ್ರಶ್ನೆ.

ತೆರಿಗೆಯ ಬಗ್ಗೆಯೂ ಒಂದು ಮಾತು. ಆದಾಯ ತೆರಿಗೆ ಕಾಯ್ದೆಯಡಿ ನೋಂದಾಯಿತವಾದ ಧರ್ಮದತ್ತಿಗಳು 60 ದಾಟಿದವರಿಗಾಗಿ ನಡೆಸುವ ನಿಲಯಗಳಲ್ಲಿ, ಊಟ, ವಸತಿ, ನಿರ್ವಹಣೆ ಸೇರಿ ಒಬ್ಬರಿಗೆ ತಿಂಗಳಿಗೆ 25,000 ರೂಪಾಯಿವರೆಗಿನ ಶುಲ್ಕಕ್ಕೆ ಜಿಎಸ್‌ಟಿ ವಿನಾಯಿತಿ ಇದೆ. ಖಾಸಗಿ ಕಂಪನಿ ನಡೆಸುವ ಕಡೆ ಈ ವಿನಾಯಿತಿ ಸಿಗುವುದಿಲ್ಲ. ಹಾಗಾಗಿ ಹೇಳಿದ ಶುಲ್ಕ ತೆರಿಗೆ ಸೇರಿಯೋ ಸೇರದೆಯೋ ಎಂದು ಕೇಳಿ ಬರೆಸಿಕೊಳ್ಳಿ. ಕಡಿಮೆ ಆದಾಯದವರು ಟ್ರಸ್ಟ್‌ಗಳು ನಡೆಸುವ ನಿಲಯಗಳನ್ನು ಮೊದಲು ನೋಡಿಬರಬೇಕು ಎಂದು ನಾನು ಹೇಳುವುದಕ್ಕೆ ಇದೂ ಒಂದು ಕಾರಣ. ಈಜುಕೊಳ ಇರುವುದಿಲ್ಲ ನಿಜ. ನಮ್ಮಲ್ಲಿ ಎಷ್ಟು ಜನ ಈಜುತ್ತೇವೆ?

ಒಳಸೇರುವುದಕ್ಕೆ ಮೂರು ದಾರಿಗಳಿವೆ. ಕ್ರಯಕ್ಕೆ ಕೊಳ್ಳಬಹುದು, ದೊಡ್ಡ ಠೇವಣಿ ಇಟ್ಟು ಭೋಗ್ಯಕ್ಕೆ ಇರಬಹುದು, ಇಲ್ಲವೇ ಬಾಡಿಗೆಗೆ ಇರಬಹುದು. ಕೊಂಡರೆ ಮನೆ ನಿಮ್ಮದು, ಮಕ್ಕಳಿಗೆ ಹೋಗುತ್ತದೆ. ಆದರೆ ನಿಗದಿತ ವಯಸ್ಸು ದಾಟಿದವರೇ ವಾಸಿಸಬೇಕೆಂಬ ನಿಯಮವಿರುವ ಕಡೆ ಮಕ್ಕಳು ಅಲ್ಲಿ ಇರಲಾಗದು, ಕೊಳ್ಳುವವರೂ ಕಡಿಮೆ. ಮಾರಲು ಹೊರಟರೆ ತಿಂಗಳುಗಟ್ಟಲೆ ಕಾಯಬೇಕಾದೀತು. ಭೋಗ್ಯದ ಠೇವಣಿಯ ವಿಷಯದಲ್ಲಿ ನನಗೆ ಹೆಚ್ಚು ಆತಂಕ. ಬ್ಯಾಂಕಿನಲ್ಲಿಟ್ಟ ಹಣಕ್ಕೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ಠೇವಣಿ ವಿಮೆಯ ರಕ್ಷಣೆ ಇದೆ. ಕಟ್ಟಡದ ಮಾಲೀಕರಿಗೆ ಕೊಟ್ಟ 20 ಲಕ್ಷಕ್ಕೆ ಅಂಥ ರಕ್ಷಣೆ ಇಲ್ಲ. ಮನೆ ಬಿಟ್ಟ ಎಷ್ಟು ದಿನದೊಳಗೆ ಠೇವಣಿ ಮರಳುತ್ತದೆ, ವರ್ಷಕ್ಕೆ ಎಷ್ಟು ಮುರಿದುಕೊಳ್ಳುತ್ತಾರೆ ಎಂಬುದನ್ನು ನೋಡಿ. ಹೊಸಬರು ಆ ಮನೆಗೆ ಬಂದ ಮೇಲೆ ಮರಳಿಸುತ್ತೇವೆ ಎಂಬ ಸಾಲು ಕಂಡರೆ ಒಪ್ಪಬೇಡಿ. ಒಂದು ವರ್ಷಕ್ಕೆ ಮೀರಿದ ಭೋಗ್ಯ ಅಥವಾ ಬಾಡಿಗೆ ಪತ್ರ ಕಡ್ಡಾಯವಾಗಿ ನೋಂದಣಿಯಾಗಬೇಕು. ಬರೀ ಛಾಪಾ ಕಾಗದದ ಮೇಲೆ ಸಹಿ ಹಾಕಿ ಬರಬೇಡಿ.

ಕಟ್ಟುತ್ತಿರುವ ಹಂತದಲ್ಲೇ ಕೊಳ್ಳುವವರು ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯಡಿಯ ನೋಂದಣಿ ಸಂಖ್ಯೆಯನ್ನು ನೋಡದೆ ಒಂದು ರೂಪಾಯಿಯನ್ನೂ ಕೊಡಕೂಡದು. 2016ರ ಆ ಕಾಯ್ದೆಯ ಪ್ರಕಾರ ಖರೀದಿದಾರರ ಹಣದ ಶೇಕಡ 70 ಭಾಗ ಪ್ರತ್ಯೇಕ ಖಾತೆಯಲ್ಲಿದ್ದು, ಆ ಯೋಜನೆಯ ಜಾಗಕ್ಕೂ ನಿರ್ಮಾಣಕ್ಕೂ ಮಾತ್ರ ಖರ್ಚಾಗಬೇಕು. ಆದರೆ ಸಾರು ನೀರಾದರೆ, ನರ್ಸ್ ಬಾರದಿದ್ದರೆ ರೇರಾ ನಿಮ್ಮ ನೆರವಿಗೆ ಬರಲಾರದು. ಅದಕ್ಕೆ ಗ್ರಾಹಕ ಆಯೋಗದ ಬಾಗಿಲು ತಟ್ಟಬೇಕು. ನಿವೃತ್ತರ ವಸತಿಗೆಂದೇ ಕೇಂದ್ರದ ವಸತಿ ಸಚಿವಾಲಯ 2019ರಲ್ಲಿ ಮಾದರಿ ಮಾರ್ಗಸೂಚಿಯನ್ನು ಹೊರಡಿಸಿತು. ಕಟ್ಟುವವರು, ಸೇವೆ ಕೊಡುವವರು, ಕೊಳ್ಳುವವರು ಈ ಮೂವರೂ ಸಹಿ ಹಾಕುವ ಒಂದೇ ಒಪ್ಪಂದವಿರಬೇಕು ಎಂಬ ಒಳ್ಳೆಯ ಮಾತು ಅದರಲ್ಲಿದೆ. ಅದು ಮಾದರಿಯಷ್ಟೇ, ತಾನಾಗಿ ಕಾನೂನಲ್ಲ. ಆದರೂ ಅಂಥ ಒಪ್ಪಂದ ಕೊಡಿ ಎಂದು ಕೇಳುವುದಕ್ಕೆ ನಿಮಗೆ ಯಾರ ಅಪ್ಪಣೆಯೂ ಬೇಕಿಲ್ಲ. ಕಟ್ಟಿದವರು ಕೈತೊಳೆದುಕೊಂಡು ಹೋಗಿ, ನಡೆಸುವವರು ಬದಲಾಗಿ, ಊಟದ ಮನೆ ಸೊರಗಿದರೆ ಆಗ ಆ ಒಂದು ಕಾಗದವೇ ಆಸರೆ.

ಇನ್ನೊಂದು ಸಾಲನ್ನು ಒಪ್ಪಂದದಲ್ಲಿ ಹುಡುಕಿ ಓದಬೇಕು. ನಿವಾಸಿ ಹಾಸಿಗೆ ಹಿಡಿದರೆ, ಮರೆವಿನ ಕಾಯಿಲೆ ಬಂದರೆ ಏನು? ಅಗ್ಗದ ಸಮುಚ್ಚಯಗಳಲ್ಲಿ ಹಲವು ಕಡೆ, ತನ್ನ ಕೆಲಸ ತಾನು ಮಾಡಿಕೊಳ್ಳಬಲ್ಲವರಿಗೆ ಮಾತ್ರ ಜಾಗ. ಮಿಕ್ಕವರು ಸ್ವಂತ ಖರ್ಚಿನಲ್ಲಿ ಹೋಮ್ ನರ್ಸ್ ಇಟ್ಟುಕೊಳ್ಳಬೇಕು, ಇಲ್ಲವೇ ಹೊರಡಬೇಕು. ಯಾವ ದಿನಕ್ಕೆಂದು ಮನೆ ಮಾರಿ ಬಂದಿದ್ದೇವೋ ಆ ದಿನವೇ ಹೊರಡಿ ಎಂದರೆ ಎಲ್ಲಿಗೆ ಹೋಗುವುದು? ಇದನ್ನು ನಾನು ಕೋಪದಿಂದಲೇ ಹೇಳುತ್ತಿದ್ದೇನೆ. ಆರೋಗ್ಯವಂತರ ಚಿತ್ರ ತೋರಿಸಿ ಮಾರಿ, ಕಾಯಿಲೆಯ ಷರತ್ತನ್ನು ಸಣ್ಣ ಅಕ್ಷರದಲ್ಲಿ ಅಡಗಿಸಿಡುವುದು ಹಿರಿಯರಿಗೆ ಮಾಡುವ ವಂಚನೆ.

ಹಣದಲ್ಲಿ ಅಳೆಯಲಾಗದ ನಷ್ಟವೂ ಇದೆ. ಮೈಸೂರಿನ ಸರಸ್ವತೀಪುರದಲ್ಲೋ ಬೆಂಗಳೂರಿನ ಬಸವನಗುಡಿಯಲ್ಲೋ ನಲವತ್ತು ವರ್ಷ ಇದ್ದವರಿಗೆ ಬೀದಿಯೇ ಬಳಗ. ಚೀಟಿ ಇಲ್ಲದೆ ಮಾತ್ರೆ ಗುರುತಿಸಿ ಕೊಡುವ ಔಷಧಿ ಅಂಗಡಿಯವರು, ಎರಡು ದಿನ ಕಾಣದಿದ್ದರೆ ಗೇಟಿನ ಬಳಿ ಬಂದು ಕೂಗುವ ಹೂವಿನಾಕೆ. ಅಗ್ಗದ ಜಾಗ ಸಿಗುವುದು ಊರಿನಿಂದ ದೂರದಲ್ಲಿ, ಅಲ್ಲಿ ಇವರ್ಯಾರೂ ಇಲ್ಲ. ಮಕ್ಕಳ ಆಟದ ಸದ್ದೂ ಇಲ್ಲ. ಎಲ್ಲರೂ ಹಿರಿಯರೇ ಆದ ಕಡೆ ಸಾವಿನ ಸುದ್ದಿ ಆಗಾಗ ಬರುತ್ತದೆ, ಕೆಲವರ ಮನಸ್ಸು ಅದನ್ನು ತಾಳುವುದಿಲ್ಲ. ನಿಮ್ಮದು ಅಂಥ ಮನಸ್ಸಾದರೆ, ಸ್ವಂತ ಮನೆಯಲ್ಲೇ ಮಹಡಿಯ ಭಾಗ ಬಾಡಿಗೆಗೆ ಕೊಟ್ಟು, ಕೆಳಗೆ ಬಚ್ಚಲಿಗೆ ಹಿಡಿಕೆ ಹಾಕಿಸಿ, ಊಟಕ್ಕೆ ಕ್ಯಾರಿಯರ್ ಗೊತ್ತು ಮಾಡಿಕೊಂಡು ಇರುವುದೂ ಗೌರವದ ದಾರಿಯೇ. ಮನೆಯೊಂದಿದ್ದು ಕೈಯಲ್ಲಿ ಕಾಸಿಲ್ಲದವರಿಗೆ ಬ್ಯಾಂಕುಗಳಲ್ಲಿ ಹಿಮ್ಮುಖ ಅಡಮಾನ ಸಾಲವಿದೆ. ಮನೆಯಲ್ಲೇ ಇದ್ದುಕೊಂಡು ತಿಂಗಳ ಹಣ ಪಡೆಯಬಹುದು, ಇಬ್ಬರಲ್ಲಿ ಒಬ್ಬರು ಇರುವವರೆಗೂ ಯಾರೂ ಎಬ್ಬಿಸುವುದಿಲ್ಲ. 2007ರಿಂದ ಇರುವ ಈ ಸೌಲಭ್ಯವನ್ನು ನಮ್ಮವರು ಕೇಳುವುದೇ ಕಡಿಮೆ.

ಹೋಗುವುದೆಂದೇ ತೀರ್ಮಾನಿಸಿದವರು ಹಳೆಯ ಮನೆಯನ್ನು ಕೂಡಲೇ ಮಾರಬೇಡಿ. ಬಾಡಿಗೆಗೆ ಕೊಟ್ಟು, ಅಲ್ಲಿ ಬಾಡಿಗೆಗೆ ಇದ್ದು ನೋಡಿ, ಒಂದು ಮಳೆಗಾಲವೂ ಕಳೆಯಲಿ. ಹೇಗಿದ್ದರೂ ಹೋಗುತ್ತಿದ್ದೇವಲ್ಲ ಎಂದು ಮಕ್ಕಳ ಹೆಸರಿಗೆ ದಾನಪತ್ರ ಬರೆಯುವ ಆತುರವೂ ಬೇಡ. ಬರೆಯಲೇಬೇಕೆಂದಿದ್ದರೆ, ನಮ್ಮನ್ನು ನೋಡಿಕೊಳ್ಳಬೇಕೆಂಬ ಷರತ್ತನ್ನು ಪತ್ರದಲ್ಲೇ ಬರೆಸಿ. ಷರತ್ತಿದ್ದು ಮಕ್ಕಳು ತಪ್ಪಿದರೆ, ಪೋಷಕರ ಮತ್ತು ಹಿರಿಯ ನಾಗರಿಕರ 2007ರ ಕಾಯ್ದೆಯ 23ನೇ ಕಲಮಿನಡಿ ಆ ಪತ್ರವನ್ನು ರದ್ದು ಮಾಡಿಸಬಹುದು. ಅರ್ಜಿಯನ್ನು ಉಪವಿಭಾಗಾಧಿಕಾರಿಯವರ ಮುಂದಿರುವ ನ್ಯಾಯಮಂಡಳಿಗೆ ಕೊಡಬೇಕು.

ಜಾಗ ನೋಡಲು ಹೋದಾಗ ಮಾರಾಟದವರ ಜೊತೆ ತಿರುಗಿ ಬಂದರೆ ಸಾಲದು. ಮಧ್ಯಾಹ್ನ ಅಲ್ಲೇ ಊಟ ಮಾಡಿ. ಅಲ್ಲಿ ಐದಾರು ವರ್ಷದಿಂದ ಇರುವ, ಗಂಡನನ್ನು ಕಳೆದುಕೊಂಡ ಮೇಲೂ ಅಲ್ಲೇ ಉಳಿದಿರುವ ಒಬ್ಬ ಅಮ್ಮನವರನ್ನು ಹುಡುಕಿ, ನಿಮ್ಮ ಮನೆಯವರನ್ನು ಅವರ ಪಕ್ಕದಲ್ಲಿ ಕೂರಿಸಿ, ನೀವು ಸ್ವಲ್ಪ ಹೊತ್ತು ಆಚೆ ಹೋಗಿ. ಶುಲ್ಕ ಎಷ್ಟೆಷ್ಟು ಏರಿತು, ರಾತ್ರಿ ಗಂಟೆ ಒತ್ತಿದರೆ ಎಷ್ಟು ಹೊತ್ತಿಗೆ ಬರುತ್ತಾರೆ, ಕಾಯಿಲೆ ಬಿದ್ದವರನ್ನು ಏನು ಮಾಡಿದರು ಎಂಬುದೆಲ್ಲ ಅವರಿಬ್ಬರ ಮಾತಿನಲ್ಲಿ ತಾನಾಗಿ ಹೊರಬರುತ್ತದೆ. ಸಂಜೆ ಬಸ್ಸಿನಲ್ಲಿ ಮರಳುವಾಗ ನಿಮ್ಮ ಮನೆಯವರು ಏನು ಹೇಳುತ್ತಾರೋ ಅದನ್ನು ನನ್ನ ಈ ಲೆಕ್ಕದ ಪಕ್ಕದಲ್ಲಿ ಬರೆದುಕೊಳ್ಳಿ.

ಹಿರಿಯರಿಗೆ ಯಾವುದೇ ತೊಂದರೆಯಾದರೂ, ಮಾಹಿತಿ ಬೇಕಿದ್ದರೂ ಕರೆ ಮಾಡಬಹುದಾದ ರಾಷ್ಟ್ರೀಯ ಸಹಾಯವಾಣಿಯ ಸಂಖ್ಯೆ 14567. ಇನ್ನೊಮ್ಮೆ ಹೇಳುತ್ತೇನೆ: ಒಂದು, ನಾಲ್ಕು, ಐದು, ಆರು, ಏಳು. ಈ ಕರೆಗೆ ಶುಲ್ಕವಿಲ್ಲ.

ನಮಸ್ಕಾರ.