ಕ್ಯಾಮೆರಾದ ತಲೆಯಿಂದ ಇಳಿದ ಬೆಳಕು

ಎಲ್ಲರಿಗೂ ನಮಸ್ಕಾರ.

ಧಾರವಾಡದಲ್ಲಿ ಮೈಕ್ ಮುಂದೆ ನಿಲ್ಲೋದು ಸ್ವಲ್ಪ ಭಯದ ಕೆಲಸ. ಇಲ್ಲಿ ಕೇಳುವವರು ಮಾತಾಡುವವರಿಗಿಂತ ಜಾಸ್ತಿ ತಿಳಿದಿರುತ್ತಾರೆ. ಅದಕ್ಕೇ ದಿನಾ ಕೈಯಲ್ಲಿ ಹಿಡಿಯೋ ಸಾಮಾನಿನ ಬಗ್ಗೆ ಮಾತ್ರ ಮಾತಾಡುತ್ತೇನೆ. ಬ್ಯಾಟರಿ ಮೇಲೆ ನಡೆಯುವ ಸಣ್ಣ ಫ್ಲ್ಯಾಶ್, ಒಂದು ಸ್ಟ್ಯಾಂಡ್, ಫ್ಲ್ಯಾಶ್ ಬೆಳಕನ್ನು ಹರಡೋ ಒಂದು ಬಿಳಿ ಛತ್ರಿ, ದೂರ ಇಟ್ಟ ಫ್ಲ್ಯಾಶನ್ನು ಕ್ಯಾಮೆರಾದಿಂದಲೇ ಹೊಡೆಸೋ ಒಂದು ಟ್ರಿಗರ್. ಬೈಕಿನ ಮೇಲೂ ಹೋಗುತ್ತದೆ, ಚಿಗರಿ ಬಸ್ಸಿನಲ್ಲೂ ಹೋಗುತ್ತದೆ. ಮದುವೆ, ಮುಂಜಿವೆ, ಸಭೆ, ಜಾತ್ರೆ, ಮನೆಯೊಳಗಿನ ಅಜ್ಜಿಯ ಫೋಟೋ, ಎಲ್ಲಕ್ಕೂ ಇಷ್ಟೇ ಸಾಕು.

ನಾನು ಹೇಳಬೇಕಾದದ್ದು ಒಂದೇ. ಫ್ಲ್ಯಾಶ್ ಕ್ಯಾಮೆರಾದ ತಲೆ ಮೇಲಿಂದ ಕೆಳಗಿಳಿಯಬೇಕು. ನಮ್ಮ ಜನರ ಮುಖ ಇದ್ದ ಹಾಗೆ ಬರಬೇಕೆಂದರೆ ಮೊದಲು ಆಗಬೇಕಾದದ್ದು ಅದು. ಲೆನ್ಸು, ಬಾಡಿ, ಮೆಗಾಪಿಕ್ಸೆಲ್ ಎಲ್ಲ ಆಮೇಲೆ.

ಹಿಂದೆ ಜನ ಬೆಳಕಿದ್ದಲ್ಲಿಗೆ ಹೋಗಬೇಕಿತ್ತು. ಯುರೋಪಿನ ಹಳೆ ಸ್ಟುಡಿಯೋಗಳಲ್ಲಿ ಉತ್ತರಕ್ಕೆ ದೊಡ್ಡ ಗಾಜಿನ ಕಿಟಕಿ ಇಡುತ್ತಿದ್ದರು, ನೇರ ಬಿಸಿಲು ಬೀಳಬಾರದು ಅಂತ. (ನಮ್ಮಲ್ಲಿ ಆ ಲೆಕ್ಕ ಪೂರ್ತಿ ಹೊಂದುವುದಿಲ್ಲ. ಮೇ, ಜೂನ್‌ನಲ್ಲಿ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಗಿಂತ ಉತ್ತರಕ್ಕೇ ಇರುತ್ತಾನೆ.) 1887ರಲ್ಲಿ ಜರ್ಮನಿಯಲ್ಲಿ ಮೆಗ್ನೀಸಿಯಂ ಬೆರೆಸಿದ ಫ್ಲ್ಯಾಶ್ ಪುಡಿ ಬಂತು. ಭಗ್ಗನೆ ಉರಿದು ಕೋಣೆ ತುಂಬ ಹೊಗೆ. 1930ರ ದಶಕದಲ್ಲಿ ಅಮೆರಿಕದ ಎಂಐಟಿಯಲ್ಲಿ ಹೆರಾಲ್ಡ್ ಎಡ್ಜರ್ಟನ್ ಎಲೆಕ್ಟ್ರಾನಿಕ್ ಫ್ಲ್ಯಾಶನ್ನು ಪಳಗಿಸಿದರು. ಇವತ್ತು ನಮ್ಮ ಬ್ಯಾಗಿನಲ್ಲಿರುವುದು ಅದರ ಮೊಮ್ಮಗನೇ. ಚೀನಾದ ಕಂಪನಿಗಳ ರೇಡಿಯೋ ಟ್ರಿಗರ್ ಬಂದ ಮೇಲಂತೂ ಗೋಡೆಯ ಆಚೆ ಇಟ್ಟ ಫ್ಲ್ಯಾಶ್ ಕೂಡ ನಮ್ಮ ಬೆರಳಿನ ಮಾತು ಕೇಳುತ್ತದೆ.

ಇಷ್ಟಿದ್ದರೂ ನಮ್ಮ ಕಲ್ಯಾಣ ಮಂಟಪಗಳಲ್ಲಿ ಏನು ನಡೆದಿದೆ? ಫ್ಲ್ಯಾಶ್ ಕ್ಯಾಮೆರಾದ ಮೇಲೇ ಕೂತಿದೆ, ನೆಟ್ಟಗೆ ಮುಖಕ್ಕೇ ಹೊಡೆಯುತ್ತಿದೆ.

ಲಕ್ಕುಂಡಿಗೆ ಹೋದವರಿಗೆ ಇದರ ತೊಂದರೆ ಬೇಗ ತಿಳಿಯುತ್ತದೆ. ಕಾಶಿ ವಿಶ್ವನಾಥ ಗುಡಿಯ ಬಾಗಿಲವಾಡದ ಸೂಕ್ಷ್ಮ ಕೆತ್ತನೆಗೆ ಎದುರಿಂದ ಬೆಳಕು ಬಿಟ್ಟು ನೋಡಿ, ಸಪಾಟು ಕಲ್ಲು. ಅದೇ ಬೆಳಕು ಪಕ್ಕದಿಂದ ಸವರಿಕೊಂಡು ಬಂದರೆ ಬಳ್ಳಿಯ ಒಂದೊಂದು ಎಲೆಯೂ ಎದ್ದು ನಿಲ್ಲುತ್ತದೆ. ನೆರಳಿಲ್ಲದೆ ಆಕಾರ ಕಾಣುವುದಿಲ್ಲ. ಮೂಗು, ಕೆನ್ನೆ, ಗದ್ದ ಇವಕ್ಕೂ ಅದೇ ನಿಯಮ. ಅಂದ ಹಾಗೆ, ಅಂಥ ಗುಡಿಗಳಲ್ಲಿ ಸ್ಟ್ಯಾಂಡ್ ಹಾಕಿ ಮದುವೆ ಫೋಟೋ ತೆಗೆಯುವ ಮುಂಚೆ ಪುರಾತತ್ವ ಇಲಾಖೆಯ ಅನುಮತಿ ತಗೊಳ್ಳಿ. ಕಾವಲುಗಾರರ ಹತ್ತಿರ ವಾದ ಮಾಡಿ ಉಪಯೋಗವಿಲ್ಲ, ಅವರು ಹೇಳುವುದೇ ಸರಿ.

ಈಗ ಬಣ್ಣದ ವಿಷಯ. ಇದರ ಮೇಲೆ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಪ್ರತಿ ಸೀಸನ್‌ನಲ್ಲೂ ಕೇಳುವ ಮಾತು: ‘ಅಣ್ಣಾರ, ಹುಡುಗಿ ಸ್ವಲ್ಪ ಬೆಳ್ಳಗ ಬರೋ ಹಂಗ ಮಾಡ್ರಿ.’ ಹುಡುಗಿಯ ಎದುರೇ ಹೇಳುತ್ತಾರೆ, ಅದು ಇನ್ನೂ ಕಷ್ಟ. ನಾವು ಹೂಂ ಅಂತೀವಿ. ಫ್ಲ್ಯಾಶ್ ಪವರ್ ಏರಿಸುತ್ತೇವೆ, ಆಮೇಲೆ ಕಂಪ್ಯೂಟರಿನಲ್ಲಿ ಉಜ್ಜುತ್ತೇವೆ. ಆಲ್ಬಮ್ಮಿನಲ್ಲಿ ಮುಖ ಒಂದು ಬಣ್ಣ, ಕೈ ಒಂದು ಬಣ್ಣ. ಬೀಗರು ಜನರ ಬಣ್ಣ ನೋಡಿ ಬೈದರೆ ಅದು ಅವರ ಪಾಡು. ಆದರೆ ಇಲ್ಲಿ ಅರ್ಧ ತಪ್ಪು ನಮ್ಮ ಬೆಳಕಿನದು ಅನ್ನೋದು ನನ್ನ ಅಭಿಪ್ರಾಯ.

ಹೇಗೆ ಅಂದರೆ, ಚರ್ಮ ಬೆಳಕನ್ನು ಎರಡು ರೀತಿಯಲ್ಲಿ ವಾಪಸ್ ಕೊಡುತ್ತದೆ. ಒಂದಿಷ್ಟು ಬೆಳಕು ಒಳಗೆ ಹೋಗಿ, ಚದುರಿ, ಬಣ್ಣ ಹೊತ್ತುಕೊಂಡು ಬರುತ್ತದೆ. ಇನ್ನೊಂದಿಷ್ಟು ಮೇಲಿನಿಂದಲೇ ಜಾರಿ ಹೊಳಪಾಗಿ ಬರುತ್ತದೆ. ಕಪ್ಪು ಮುಖದಲ್ಲಿ ಮೊದಲನೆಯದು ಕಮ್ಮಿ, ಮೆಲನಿನ್ ಅದನ್ನು ಹೀರಿಕೊಳ್ಳುತ್ತದೆ. ಹೊಳಪು ಮಾತ್ರ ಎಲ್ಲರಿಗೂ ಹೆಚ್ಚು ಕಮ್ಮಿ ಒಂದೇ. ಅಂದರೆ ಕಪ್ಪು ಮುಖದ ಆಕಾರವನ್ನು ತೋರಿಸುವುದೇ ಆ ಹೊಳಪು. ಮಳೆ ಬಿದ್ದ ಎರೆಮಣ್ಣಿನ ಹೊಲ ಸಂಜೆ ಬಿಸಿಲಿಗೆ ಹೇಗೆ ಮಿರುಗುತ್ತದೆ ನೋಡಿದ್ದೀರಲ್ಲ, ಹಾಗೆ. ಕ್ಯಾಮೆರಾದ ಮೇಲಿನ ಪುಟ್ಟ ಫ್ಲ್ಯಾಶ್ ಈ ಹೊಳಪನ್ನು ಹಣೆ ಮತ್ತು ಮೂಗಿನ ತುದಿ ಮೇಲೆ ಎರಡು ಬಿಳಿ ಚುಕ್ಕೆ ಮಾಡಿಬಿಡುತ್ತದೆ. ಉಳಿದದ್ದೆಲ್ಲ ಕತ್ತಲು. ಕತ್ತಲು ಎತ್ತಲು ಪವರ್ ಏರಿಸಿದರೆ ಚುಕ್ಕೆ ಸುಟ್ಟುಹೋಗುತ್ತದೆ. ಆಗ ‘ಬೆಳ್ಳಗ ಮಾಡ್ರಿ’ ಅನ್ನೋ ಮಾತು ಬರದೆ ಇನ್ನೇನು ಬರುತ್ತದೆ?

ಹಾಗಾದರೆ ಏನು ಮಾಡಬೇಕು? ಬೆಳಕಿನ ಮುಖ ದೊಡ್ಡದಾಗಬೇಕು, ಪಕ್ಕಕ್ಕೆ ಹೋಗಬೇಕು, ಹತ್ತಿರ ಬರಬೇಕು. 3 ಅಡಿ ಅಗಲದ ಛತ್ರಿ 3 ಅಡಿ ದೂರದಲ್ಲಿದ್ದರೆ ಮುಖಕ್ಕೆ ಅದು ಒಂದು ದೊಡ್ಡ ಕಿಟಕಿ. ಅದನ್ನೇ 15 ಅಡಿ ಹಿಂದೆ ಒಯ್ದರೆ ಮತ್ತೆ ಪುಟ್ಟ ಬಲ್ಬು. ಛತ್ರಿಯನ್ನು ಕಣ್ಣಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ, ಮುಖದ ಒಂದು ಪಕ್ಕಕ್ಕೆ ಇಡಿ. ಹೊಳಪು ಕೆನ್ನೆಯುದ್ದಕ್ಕೂ ತೆಳ್ಳಗೆ ಹರಡುತ್ತದೆ. ಪವರ್ ಏರಿಸಬೇಡಿ. ಮೇಕಪ್ ಮಾಡುವ ಅಕ್ಕನಿಗೆ ಪೌಡರ್ ಸ್ವಲ್ಪ ಕಮ್ಮಿ ಹಾಕಲು ಹೇಳಿ, ಒಪ್ಪಿದರೆ. ಹೀಗೆ ತೆಗೆದ ಚಿತ್ರವನ್ನು ಕ್ಯಾಮೆರಾ ಹಿಂದಿನ ಸ್ಕ್ರೀನಿನಲ್ಲಿ ಮನೆಯವರಿಗೆ ಅಲ್ಲೇ ತೋರಿಸುತ್ತೇನೆ. ಆಮೇಲೆ ಬಣ್ಣದ ಮಾತು ಬರುವುದು ಅಪರೂಪ. ಬಂದರೆ, ‘ಇಲ್ಲ ಅವ್ವಾರ, ಇದ್ದಂಗ ಛಲೋ ಅದಾಳ’ ಅಂದು ಮುಂದೆ ಹೋಗುತ್ತೇನೆ.

ಇನ್ನೊಂದು ಮೋಸ ಕ್ಯಾಮೆರಾದ ಮೀಟರಿನದು. ಎದುರಿಗೆ ಏನಿದ್ದರೂ ಅದನ್ನು ನಡುವಿನ ಬೂದು ಬಣ್ಣಕ್ಕೆ ತರಲು ಅದು ಒದ್ದಾಡುತ್ತದೆ. ಬಿಳಿ ಅಂಗಿ, ಬಿಳಿ ಧೋತರ, ಗಾಂಧಿ ಟೋಪಿಯ ನಾಲ್ಕು ಹಿರಿಯರು ಸಾಲಾಗಿ ನಿಂತರೆ ಟಿಟಿಎಲ್ (ಕ್ಯಾಮೆರಾ ತಾನೇ ಅಳೆದು ಫ್ಲ್ಯಾಶ್ ಪವರ್ ಇಡುವ ವ್ಯವಸ್ಥೆ) ಹೆದರಿ ಫ್ಲ್ಯಾಶ್ ಇಳಿಸುತ್ತದೆ. ಬಟ್ಟೆ ಬೂದಿ, ಮುಖ ಕರಿ. ಮರುಕ್ಷಣ ಕಡುಗೆಂಪು ಇಳಕಲ್ ಸೀರೆಯುಟ್ಟ ಮದುಮಗಳು ಕತ್ತಲ ಹಿನ್ನೆಲೆ ಮುಂದೆ ಬಂದರೆ ಏರಿಸಿಬಿಡುತ್ತದೆ. ಒಂದೇ ಜಾಗ, ಒಂದೇ ಬೆಳಕು, ಎರಡು ಲೆಕ್ಕ. ಅದಕ್ಕೇ ಸ್ಟೇಜಿನ ಮೇಲೆ ನಾನು ಮ್ಯಾನುವಲ್, ಅಂದರೆ ಕೈಯಿಂದಲೇ ಪವರ್ ಇಡೋದನ್ನು, ಬಿಡುವುದಿಲ್ಲ. ಸ್ಟ್ಯಾಂಡ್ ಕದಲದಿದ್ದರೆ, ಜನ ಅದೇ ದೂರದಲ್ಲಿ ನಿಂತರೆ, ಪವರ್ ಯಾಕೆ ಬದಲಾಗಬೇಕು?

ದೂರದ ಲೆಕ್ಕ ಶಾಲೆಯಲ್ಲಿ ಓದಿದ್ದೇ. ದೂರ ಎರಡು ಪಟ್ಟಾದರೆ ಬೆಳಕು ಕಾಲು ಭಾಗ. ಗ್ರೂಪ್ ಫೋಟೋದಲ್ಲಿ ಇದು ಕೈಗೆ ಸಿಗುತ್ತದೆ. ಮುಂದಿನ ಸಾಲಿಗೆ ಒಂದೂವರೆ ಮೀಟರ್ ದೂರದಲ್ಲಿ ಬೆಳಕಿಟ್ಟು, ಹಿಂದಿನ ಸಾಲು 3 ಮೀಟರ್ ದೂರದಲ್ಲಿದ್ದರೆ, ಹಿಂದೆ ನಿಂತ ಸೋದರಮಾವಂದಿರಿಗೆ ಸಿಗುವುದು ಕಾಲು ಪಾಲು. ಅದೇ ಬೆಳಕನ್ನು ಇನ್ನೂ 3 ಮೀಟರ್ ಹಿಂದೆ ಸರಿಸಿ, ಎತ್ತರಿಸಿ. ಈಗ ಮುಂದಿನ ಸಾಲು ನಾಲ್ಕೂವರೆ, ಹಿಂದಿನದು 6. ಹಿಂದಿನವರಿಗೂ ಅರ್ಧಕ್ಕಿಂತ ಜಾಸ್ತಿ ಸಿಗುತ್ತದೆ. ಮಾವಂದಿರು ಮುನಿಸಿಕೊಳ್ಳುವುದಿಲ್ಲ.

ಶಟರ್ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಫ್ಲ್ಯಾಶ್ ಬೆಳಗುವುದು ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಕಮ್ಮಿ ಹೊತ್ತು. ಹಾಗಾಗಿ ಶಟರ್ ಎಷ್ಟು ಹೊತ್ತು ತೆರೆದಿದೆ ಅನ್ನೋದು ಅದಕ್ಕೆ ಲೆಕ್ಕಕ್ಕಿಲ್ಲ, ಅಲ್ಲಿರುವ ಬೆಳಕಿಗೆ ಮಾತ್ರ ಲೆಕ್ಕ. ಸುತ್ತಲಿನ ದೀಪ ಬೇಕೆಂದರೆ ಶಟರ್ ನಿಧಾನ ಮಾಡಿ, ಬೇಡವೆಂದರೆ ಜೋರು ಮಾಡಿ. ಆದರೆ ಹೆಚ್ಚಿನ ಕ್ಯಾಮೆರಾಗಳಲ್ಲಿ ಶಟರ್ ಸೆಕೆಂಡಿನ 1/200 ಅಥವಾ 1/250ಕ್ಕಿಂತ ಜೋರಾದರೆ ಚಿತ್ರದಲ್ಲಿ ಕರಿ ಪಟ್ಟಿ ಬರುತ್ತದೆ. ಉಣಕಲ್ ಕೆರೆ ದಂಡೆಯ ಮಧ್ಯಾಹ್ನದ ಪ್ರೀ ವೆಡ್ಡಿಂಗಿಗೆ ಹೈ ಸ್ಪೀಡ್ ಸಿಂಕ್, ಅಂದರೆ ಅದಕ್ಕಿಂತ ಜೋರು ಶಟರಿಗೂ ಫ್ಲ್ಯಾಶ್ ಹೊಂದಿಸುವ ವ್ಯವಸ್ಥೆ, ಬೇಕಾಗುವುದು ಇದಕ್ಕೇ. ಅದು ಪವರ್ ತುಂಬ ತಿನ್ನುತ್ತದೆ. ನನ್ನನ್ನು ಕೇಳಿದರೆ ಸಂಜೆ ಐದೂವರೆಗೆ ಬನ್ನಿ ಅನ್ನೋದು ಅದಕ್ಕಿಂತ ಅಗ್ಗದ ಉಪಾಯ.

ಅಕ್ಕಿಕಾಳಿನ ಗಳಿಗೆ ಬೇರೆಯೇ ಕಥೆ. ಅಷ್ಟು ಜನ ಒಮ್ಮೆಲೇ ಕೈ ಎತ್ತುತ್ತಾರೆ, ಅಕ್ಷತೆ ಗಾಳಿಯಲ್ಲಿರುತ್ತದೆ, ಎರಡನೇ ಅವಕಾಶ ಇಲ್ಲ. ಇಲ್ಲಿ ಎಲ್ಲರೂ ಫುಲ್ ಪವರ್ ಹಾಕುತ್ತಾರೆ. ಬೇಡ. ಸಣ್ಣ ಫ್ಲ್ಯಾಶ್‌ಗಳಲ್ಲಿ ಪವರ್ ಕಮ್ಮಿ ಮಾಡಿದಷ್ಟೂ ಮಿಂಚು ಚಿಕ್ಕದಾಗುತ್ತದೆ. ಪವರನ್ನು ಪೂರ್ತಿಯ 1/8 ಅಥವಾ 1/16ರಲ್ಲಿಟ್ಟು ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಸ್ವಲ್ಪ ಏರಿಸಿದರೆ ಒಂದೊಂದು ಅಕ್ಕಿಕಾಳೂ ಗಾಳಿಯಲ್ಲಿ ನಿಂತುಬಿಡುತ್ತದೆ. ಜೊತೆಗೆ ಫ್ಲ್ಯಾಶ್ ಬೇಗ ಮತ್ತೆ ತಯಾರಾಗುತ್ತದೆ, ಮೇಲಿಂದ ಮೇಲೆ ಹೊಡೆಯಬಹುದು. ಬೆಳಕನ್ನು ಜೋಡಿಯ ಹಿಂದೆ, ಒಂದು ಮೂಲೆಗೆ ಇಟ್ಟರೆ ಕಾಳು ಹೊಳೆಯುತ್ತವೆ. ಬಾಸಿಂಗದ ನೆರಳು ಕಣ್ಣಿನ ಮೇಲೆ ಬೀಳದ ಹಾಗೆ ಮುಂದಿನ ಬೆಳಕನ್ನು ಸ್ವಲ್ಪ ತಗ್ಗಿಸಿ.

ಶಾಮಿಯಾನಾ ಹಾಕಿದ ಮದುವೆಯಲ್ಲಿ ಫ್ಲ್ಯಾಶನ್ನು ಮೇಲಕ್ಕೆ ತಿರುಗಿಸಿ ಬೌನ್ಸ್ ಮಾಡುವವರಿಗೆ ಒಂದು ಮಾತು. ಬೆಳಕು ಬಟ್ಟೆಗೆ ತಾಗಿ ಬಟ್ಟೆಯ ಬಣ್ಣವನ್ನೇ ತರುತ್ತದೆ. ಹಳದಿ ಕೆಂಪು ಶಾಮಿಯಾನಾ ಕೆಳಗೆ ಎಲ್ಲರಿಗೂ ಅರಿಶಿಣ ಹಚ್ಚಿದ ಹಾಗೆ, ಅರಿಶಿಣ ಶಾಸ್ತ್ರ ಮುಗಿದ ಮರುದಿನವೂ. ಬೆಳಕಿನ ಬಣ್ಣದ ಅಳತೆಯಲ್ಲಿ ಮಂಟಪದ ಬೆಚ್ಚನೆ ಬಲ್ಬುಗಳು ಸುಮಾರು 3000 ಕೆಲ್ವಿನ್, ನಮ್ಮ ಫ್ಲ್ಯಾಶ್ ಸುಮಾರು 5500. ಫ್ಲ್ಯಾಶಿನ ಮುಂದೆ ಕಿತ್ತಳೆ ಬಣ್ಣದ ಜೆಲ್ ಹಾಳೆ ಕಟ್ಟಿದರೆ ಎರಡೂ ಒಂದೇ ದಾರಿಗೆ ಬರುತ್ತವೆ. ಇನ್ನು ಡಿಜೆಯವರ ನೇರಳೆ ಲೈಟು, ಎಲ್‌ಇಡಿ ಗೋಡೆ. ನಮ್ಮ ಕರೆಂಟು 50 ಹರ್ಟ್ಜ್, ಅಗ್ಗದ ಎಲ್‌ಇಡಿಗಳು ಸೆಕೆಂಡಿಗೆ 100 ಸಲ ಮಿಣುಕುತ್ತವೆ, ಅದು ಚಿತ್ರದಲ್ಲಿ ಪಟ್ಟಿಯಾಗಿ ಬೀಳುತ್ತದೆ. ಶಟರ್ 1/50 ಅಥವಾ 1/100ರಲ್ಲಿಟ್ಟರೆ ಆ ಪಟ್ಟಿಗಳು ಹೆಚ್ಚಾಗಿ ಮಾಯ. ಆದರೆ ಎಲ್‌ಇಡಿ ಗೋಡೆಯ ಲೆಕ್ಕ ಒಂದೊಂದಕ್ಕೆ ಒಂದೊಂದು. ಮುಂಚೆ ಒಂದು ಚಿತ್ರ ತೆಗೆದು ನೋಡಿಕೊಳ್ಳಿ. ನೇರಳೆ ಮುಖಕ್ಕೆ ಮಾತ್ರ ಡಿಜೆ ಅಣ್ಣನಿಗೆ ಎರಡು ನಿಮಿಷ ಬಂದ್ ಮಾಡಪ್ಪಾ ಅಂತ ಪ್ರೀತಿಯಿಂದ ಹೇಳೋದೇ ಔಷಧ.

ಮನೆಯೊಳಗಿನ ಭಾವಚಿತ್ರಕ್ಕೆ ಬಂದರೆ ನಮ್ಮ ಕಡೆಯ ಹಳೇ ಮಾಳಿಗೆ ಮನೆಗಳಷ್ಟು ಒಳ್ಳೆಯ ಸ್ಟುಡಿಯೋ ಇನ್ನೊಂದಿಲ್ಲ. ಗದಗ, ನವಲಗುಂದ, ರೋಣದ ಹಳ್ಳಿಗಳಲ್ಲಿ ಇನ್ನೂ ಉಳಿದಿವೆ. ದಪ್ಪ ಮಣ್ಣಿನ ಗೋಡೆ, ಕಿಟಕಿ ಕಮ್ಮಿ, ಮೇಲಿಂದ ಒಂದೇ ಬೆಳಕಿಂಡಿ. ಮಧ್ಯಾಹ್ನ ಅದರಿಂದ ಕೋಲಿನಂತೆ ಬೆಳಕು ಬೀಳುತ್ತದೆ, ಅರ್ಧ ಗಂಟೆಯಲ್ಲಿ ಸರಿದುಹೋಗುತ್ತದೆ. ಅಷ್ಟರಲ್ಲಿ ಅಜ್ಜಿ ಸೀರೆ ಬದಲಿಸಿ, ಕುಂಕುಮ ಹಚ್ಚಿಕೊಂಡು, ಚಹಾ ಕುಡಿಸದೆ ಫೋಟೋ ಹೆಂಗ ತೆಗಸ್ಕೊಳ್ಳಲಿ ಅಂತ ಒಲೆ ಮುಂದೆ ಕೂತಿರುತ್ತಾಳೆ. ಅದಕ್ಕೆ ನಾನು ಹುಡುಗನನ್ನು ಮಾಳಿಗೆ ಹತ್ತಿಸುತ್ತೇನೆ. ಬೆಳಕಿಂಡಿಯ ಮೇಲೆ ತೆಳು ಬಿಳಿ ಬಟ್ಟೆ ಹಾಸಿ, ಒಂದೆರಡು ಅಡಿ ಎತ್ತರದಿಂದ ಫ್ಲ್ಯಾಶ್ ಕೆಳಗೆ ತಿರುಗಿಸಿ ಹಿಡಿಯುತ್ತಾನೆ. ಟ್ರಿಗರ್ ನನ್ನ ಕೈಯಲ್ಲಿ. ಅಜ್ಜಿಯನ್ನು ನೇರ ಕೆಳಗೆ ಕೂರಿಸಬಾರದು, ಕಣ್ಣು ಗುಳಿ ಬೀಳುತ್ತದೆ. ಎರಡು ಹೆಜ್ಜೆ ಹಿಂದೆ ಕೂರಿಸಿ, ಮಡಿಲಲ್ಲಿ ಅಕ್ಕಿ ಹಸನು ಮಾಡುವ ಮೊರ ಕೊಟ್ಟರೆ ಮೊರದ ಅಕ್ಕಿಯಿಂದ ಪುಟಿದ ಬೆಳಕು ಗದ್ದದ ಕೆಳಗಿನ ನೆರಳನ್ನು ತುಂಬುತ್ತದೆ. ರಿಫ್ಲೆಕ್ಟರ್ ಖರ್ಚು ಉಳಿಯಿತು. ಕೈಗೂ ಕೆಲಸ ಸಿಕ್ಕಿತು, ಅಜ್ಜಿ ಕ್ಯಾಮೆರಾ ಮರೆಯುತ್ತಾಳೆ.

ಫ್ಲ್ಯಾಶ್ ಬ್ಯಾಗಿನಲ್ಲೇ ಇರಬೇಕಾದ ಜಾಗಗಳೂ ಇವೆ. ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್ಲರ ಊರು ಇದು. ಇಲ್ಲಿ ಆಲಾಪದ ನಡುವೆ ಫ್ಲ್ಯಾಶ್ ಹೊಡೆದರೆ ಗವಾಯಿಗಳು ಸುಮ್ಮನಿರಬಹುದು, ಪಕ್ಕದ ಕುರ್ಚಿಯವರು ಬಿಡುವುದಿಲ್ಲ. ಸೈಲೆಂಟ್ ಶಟರ್, 85 ಎಂಎಂ ಲೆನ್ಸು, 1.8 ಅಪರ್ಚರ್ (ಲೆನ್ಸಿನ ಕಿಂಡಿಯ ಅಗಲ), ಐಎಸ್‌ಒ 3200, ಇಷ್ಟರಲ್ಲಿ ಮುಗಿಸಿ. ಛತ್ರಿ ಬೇಕೆಂದರೆ ಕಛೇರಿಗೆ ಮುಂಚೆ ಗ್ರೀನ್ ರೂಮಿನಲ್ಲಿ, ತಂಬೂರಿ ಶ್ರುತಿ ಮಾಡುವಾಗ, ಕೇಳಿಕೊಂಡು. ಹಾವೇರಿ ಕಡೆ ದೀಪಾವಳಿ ಹೊತ್ತಿನ ಕೊಬ್ಬರಿ ಹೋರಿಯ ಮುಂದೆಯೂ ಫ್ಲ್ಯಾಶ್ ಬೇಡ. ಓಡುವ ಹೋರಿಯ ಕಣ್ಣಿಗೆ ಮಿಂಚು ಹೊಡೆದರೆ ಅಪಾಯ ನಮಗೊಬ್ಬರಿಗೇ ಅಲ್ಲ.

ಸಾಮಾನು ಕೊಳ್ಳುವ ಬಗ್ಗೆ ಜಾಸ್ತಿ ಹೇಳಲ್ಲ. ಎಎ ಸೆಲ್ಲಿನ ಫ್ಲ್ಯಾಶ್ ಆದರೆ ರೀಚಾರ್ಜ್ ಆಗುವ ನಿಕಲ್ ಸೆಲ್ಲೇ ತಗೊಳ್ಳಿ, ಸೆಟ್ಟುಗಳನ್ನು ಬೆರೆಸಬೇಡಿ. ಲಿಥಿಯಂ ಬ್ಯಾಟರಿಯನ್ನು ಏಪ್ರಿಲ್ ಬಿಸಿಲಿನಲ್ಲಿ ಕಾರಿನೊಳಗೆ ಬಿಡಬೇಡಿ. ಗಾಳಿಗೆ ಮಾತ್ರ ಹೆದರಿ. ಕಪ್ಪತಗುಡ್ಡದ ಸುತ್ತ ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ. ನೃಪತುಂಗ ಬೆಟ್ಟದ ಮೇಲೂ ಛತ್ರಿ ಸಮೇತ ಸ್ಟ್ಯಾಂಡ್ ನೆಲಕ್ಕೆ ಬೀಳಲು ಒಂದು ಜೋರು ಗಾಳಿ ಸಾಕು. ಖಾಲಿ ಚೀಲ ಒಯ್ಯಿರಿ, ಅಲ್ಲೇ ಕಲ್ಲು ಮಣ್ಣು ತುಂಬಿ ಸ್ಟ್ಯಾಂಡಿನ ಕಾಲಿಗೆ ಕಟ್ಟಿ. ಇಲ್ಲಾಂದ್ರೆ ಒಬ್ಬ ಹುಡುಗನ ಕೈಗೆ ಕೊಡಿ. ಆ ಹುಡುಗನಿಗೆ ಊಟ ಮೊದಲು ಹಾಕಿಸಿ, ಸಂಬಳ ಅವತ್ತೇ ಕೊಡಿ. ನಮ್ಮಲ್ಲಿ ಎಷ್ಟೋ ಜನ ಇದನ್ನು ಮರೆಯುತ್ತಾರೆ.

ಮಾತು ಸಾಕು. ಪಕ್ಕದಲ್ಲಿ ಸ್ಟ್ಯಾಂಡ್ ಹಾಕಿದ್ದೇನೆ. ಕನ್ನಡಕ ಹಾಕಿಕೊಂಡವರು ಯಾರಾದರೂ ಒಬ್ಬರು ಮುಂದೆ ಬನ್ನಿ. ಕನ್ನಡಕದಲ್ಲಿ ಛತ್ರಿ ಕಾಣದ ಹಾಗೆ ಬೆಳಕನ್ನು ಎಷ್ಟು ಎತ್ತರಿಸಬೇಕು, ಕಿವಿಯ ಹತ್ತಿರದ ಕಡ್ಡಿಯನ್ನು ಎಷ್ಟು ಮೇಲೆತ್ತಬೇಕು ಅನ್ನೋದನ್ನು ಬಾಯಲ್ಲಿ ಹೇಳಿದರೆ ತಿಳಿಯುವುದಿಲ್ಲ. ಸರ್, ನೀವೇ ಬನ್ನಿ. ಹಿಂದಿನ ಟ್ಯೂಬ್‌ಲೈಟ್ ಯಾರಾದರೂ ಆರಿಸಿ.