ಶೆಟ್ಟಿಹಳ್ಳಿ ಚರ್ಚು ಪೂರ್ತಿ ಬಿದ್ದೋಗೋವರ್ಗೂ ಫೋಟೋ ತೆಗೀತಾನೇ ಇರೋದಾ?

ಎಲ್ರಿಗೂ ನಮಸ್ಕಾರ. ಇವತ್ತು ಶೆಟ್ಟಿಹಳ್ಳಿ ಚರ್ಚ್ ಬಗ್ಗೆ ಮಾತಾಡ್ಬೇಕು, ತುಂಬ ದಿನದಿಂದ ಮನಸ್ಸಲ್ಲೇ ಇತ್ತು. ಹಾಸನದಿಂದ ಒಂದು 20 ಕಿಲೋಮೀಟರ್, ಗೊರೂರು ಡ್ಯಾಮಿನ ಹಿನ್ನೀರಲ್ಲಿ ಮಳೆಗಾಲ ಬಂದ್ರೆ ಅರ್ಧ ಮುಳುಗಿ ನಿಂತಿರುತ್ತಲ್ಲ, ಅದೇ. ನಿಮ್ಮಲ್ಲಿ ತುಂಬ ಜನ ಹೋಗಿರ್ತೀರ, ಹೋಗಿಲ್ಲ ಅಂದ್ರೂ ಯಾರ್ದೋ ಸ್ಟೇಟಸ್ಸಲ್ಲಿ ನೋಡೇ ಇರ್ತೀರ.

ಅದರ ಬಗ್ಗೆ ಯಾರನ್ನೇ ಕೇಳಿ, ಒಂದೇ ಮಾತು. "ಅದು ಹಾಳಾಗಿರೋದೇ ಚೆಂದ ಕಣ್ರೀ, ಹಂಗೇ ಬಿಟ್ಬಿಡ್ಬೇಕು." ಈ ಮಾತು ನಂಗೆ ಒಪ್ಪಿಗೆ ಇಲ್ಲ. ಚೆಂದ ಅನ್ನೋದು ನಿಜಾನೇ, ನಾನೂ ಮೊದಲನೇ ಸಲ ನೋಡಿದಾಗ ಸುಮಾರು ಹೊತ್ತು ಮಾತೇ ಆಡಿರ್ಲಿಲ್ಲ. ಆದ್ರೆ ಹಂಗೇ ಬಿಟ್ರೆ ಅದು ಹಂಗೇ ಇರಲ್ಲ, ಬೀಳುತ್ತೆ. ಈಗಾಗ್ಲೇ ಭಾಗ ಭಾಗವಾಗಿ ಬೀಳ್ತಾನೇ ಇದೆ.

1860ರ ಆಸುಪಾಸಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು ಅದನ್ನ, ರೋಸರಿ ಚರ್ಚ್ ಅಂತ. ಆಮೇಲೆ ಹೇಮಾವತಿ ನದಿಗೆ ಇದೇ ಗೊರೂರು ಡ್ಯಾಮ್ ಬಂತು, 1979ರಲ್ಲಿ ಕೆಲಸ ಮುಗೀತು, ಊರು ಎತ್ತಂಗಡಿ ಆಯ್ತು, ಚರ್ಚ್ ಮಾತ್ರ ಅಲ್ಲೇ ನಿಂತ್ಕೊಳ್ತು. ಅಂದ್ರೆ ಹೆಚ್ಚುಕಡಿಮೆ ಅರ್ಧ ಶತಮಾನ ಆ ಗೋಡೆಗಳು ವರ್ಷಕ್ಕೊಂದು ಸಲ ನೀರಲ್ಲಿ ನೆನೆದು ವರ್ಷಕ್ಕೊಂದು ಸಲ ಬಿಸಿಲಲ್ಲಿ ಒಣಗ್ತಾ ಇವೆ, ತಲೆ ಮೇಲೆ ಚಾವಣಿ ಇಲ್ಲ, ಕಿಟಕಿ ಬಾಗಿಲಿಲ್ಲ, ನೋಡ್ಕೊಳ್ಳೋಕೆ ಜನ ಇಲ್ಲ. ಬೆಲ್ಲ, ಮೊಟ್ಟೆ ಹಾಕಿ ಗಾರೆ ಅರೆದಿದ್ರು, ಅದ್ಕೇ ಇನ್ನೂ ನಿಂತಿದೆ ಅಂತಾರೆ. ಆದ್ರೆ ನಾವು ನೋಡ್ಬೇಕಾಗಿರೋದು ಸುಣ್ಣವನ್ನ. ಸುಣ್ಣದ ಗಾರೆ ನೀರು ಕುಡಿಯುತ್ತೆ, ಬಿಸಿಲು ಬಂದಾಗ ಅಷ್ಟೂ ಬಿಟ್ಬಿಡುತ್ತೆ, ಒಂಥರಾ ಉಸಿರಾಡುತ್ತೆ. ಅದ್ಕೇ ಇಂಥ ಗೋಡೆಗೆ ಬಿರುಕು ಬಿಟ್ಟಿದೆ ಅಂತ ಯಾರೋ ಒಳ್ಳೇ ಮನಸ್ಸಿಂದಾನೇ ಎರಡು ಮೂಟೆ ಸಿಮೆಂಟ್ ತಂದು ಮೆತ್ತಿದ್ರೆ ಅದು ಗೋಡೆಗೆ ವಿಷ ಇಟ್ಟಂಗೆ, ಯಾಕಂದ್ರೆ ಸಿಮೆಂಟು ನೀರನ್ನ ಹೊರಗೆ ಬಿಡಲ್ಲ, ಒಳಗಿನ ಹಳೇ ಇಟ್ಟಿಗೆ ಕೊಳೆತ ಹಲ್ಲಿನ ಥರ ಉದುರುತ್ತೆ.

ಕಳೆದ ಬೇಸಿಗೇಲಿ ಹೋದಾಗ ನೀರು ಪೂರ್ತಿ ಇಳಿದಿತ್ತು, ನೆಲ ಬಿರುಕು ಬಿಟ್ಟಿತ್ತು. ಗೋಡೆ ಬುಡದಲ್ಲಿ ಕೂತು ಒಂದು ಇಟ್ಟಿಗೆ ಮೇಲೆ ಸುಮ್ನೆ ಹೆಬ್ಬೆಟ್ಟು ಆಡಿಸ್ದೆ, ಬೆರಳಿಗೆ ಕುಂಕುಮದ ಥರ ಕೆಂಪು ಪುಡಿ ಬಂತು. ಒತ್ತೇ ಇರ್ಲಿಲ್ಲ ನಾನು. ಮೇಲ್ಗಡೆ ಕಮಾನಿನ ಸಂದಿಯಲ್ಲಿ ಒಂದು ಅರಳಿ ಗಿಡ, ಇಷ್ಟೇ ಇಷ್ಟು, ನಾಲ್ಕೈದು ಎಲೆ. ಅದರ ಬೇರು ದಪ್ಪ ಆದ್ರೆ ಕಮಾನು ಎರಡು ಹೋಳು. ಈಗ ಕಿತ್ರೆ ಒಬ್ಬ ಮನುಷ್ಯ, ಒಂದು ಏಣಿ, ಅರ್ಧ ದಿನದ ಕೆಲಸ. ಅದೇ ಕಮಾನಿನ ಪಕ್ಕದ ಗೋಡೆ ಮೇಲೆ ಇಬ್ರು ಹುಡುಗ್ರು ಹತ್ತಿ ಕೂತು ರೀಲ್ಸ್ ಮಾಡ್ತಿದ್ರು, ಕೆಳಗೆ ಗೋಡೆ ತುಂಬ ಹೆಸರು, ಹಾರ್ಟು, ಇಂಗ್ಲಿಷ್ ಅಕ್ಷರ, ಮೊಳೆಯಲ್ಲಿ ಕೆತ್ತಿರೋದು. ದಯವಿಟ್ಟು ಹತ್ತಬೇಡಿ ರೀ. ನಿಮಗೂ ಅಪಾಯ, ಗೋಡೆಗೂ ಅಪಾಯ.

ಅವತ್ತೇ ಒಬ್ರು ವಯಸ್ಸಾದ ಅಮ್ಮ ಬಂದಿದ್ರು, ಮೊಮ್ಮಗನ ಕೈ ಹಿಡ್ಕೊಂಡು. ಚಪ್ಪಲಿ ಹೊರಗೆ ಬಿಟ್ರು. ಬಾಗಿಲೇ ಇಲ್ಲದ ಜಾಗದಲ್ಲಿ ಬಾಗಿಲು ಇದೆ ಅನ್ನೋ ಥರ ಚಪ್ಪಲಿ ಬಿಟ್ಟು ಒಳಗೆ ಬಂದು, ಪೀಠ ಇದ್ದ ಕಡೆ ಮುಖ ಮಾಡಿ ನಿಂತ್ಕೊಂಡ್ರು. ನಾನು ಕ್ಯಾಮೆರಾ ಬ್ಯಾಗಿಗೆ ಹಾಕ್ಬಿಟ್ಟೆ. ನಮಗೆ ಅದು ಲೊಕೇಶನ್ನು, ಅವ್ರಿಗೆ ಅದು ಇವತ್ತಿಗೂ ಗುಡಿ.

ಸರಿ, ಏನ್ ಮಾಡ್ಬೇಕು ಹಾಗಾದ್ರೆ? ಹೊಸದಾಗಿ ಕಟ್ಟಿ ಪೇಂಟ್ ಹೊಡೀರಿ ಅಂತ ನಾನು ಹೇಳ್ತಿಲ್ಲ. ಗೋವಾಕ್ಕೆ ಹೋದ್ರೆ ಹಳೇ ಗೋವಾದಲ್ಲಿ ಸೇಂಟ್ ಆಗಸ್ಟೀನ್ ಗೋಪುರ ನೋಡಿ. ಪೋರ್ಚುಗೀಸರ ಕಾಲದ ಚರ್ಚಿಂದು ಅದು, ಅಲ್ಲಿದ್ದ ಪಾದ್ರಿಗಳು 1835ರಲ್ಲಿ ಬಿಟ್ಟು ಹೋಗ್ಬೇಕಾಯ್ತು, 1842ರಲ್ಲಿ ಚಾವಣಿ ಕುಸೀತು, 1931ರಲ್ಲಿ ಮುಂಭಾಗಾನೂ ಬಿತ್ತು, ಈಗ ಉಳಿದಿರೋದು ಗೋಪುರದ ಅರ್ಧ, 46 ಮೀಟರ್ ಎತ್ತರ. ಅದನ್ನ ಯಾರೂ ವಾಪಸ್ ಕಟ್ಟಿಲ್ಲ. ಪುರಾತತ್ವ ಇಲಾಖೆಯವ್ರು ಹಾಳನ್ನ ಹಾಳಾಗಿಯೇ ಕಾಪಾಡ್ತಿದಾರೆ, ಕಲ್ಲುಮಣ್ಣು ತೆಗೆದು, ಉಳಿದಿರೋ ಗೋಡೆ ಗಟ್ಟಿ ಮಾಡಿ. ಹಂಗೆ ಮಣ್ಣು ತೆಗೀತಾ ಹೋದಾಗ್ಲೇ ಜಾರ್ಜಿಯಾ ದೇಶದ ಕೆಟೆವಾನ್ ರಾಣಿಯ ಮೂಳೆ ಸಿಕ್ಕಿದ್ದು, ಹೈದರಾಬಾದಿನ ಸಿಸಿಎಂಬಿ ಅನ್ನೋ ಜೀವವಿಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ ಡಿಎನ್‌ಎ ಟೆಸ್ಟ್ ಮಾಡಿದ್ರು, 2021ರಲ್ಲಿ ನಮ್ಮ ದೇಶ ಅದನ್ನ ಜಾರ್ಜಿಯಾಕ್ಕೆ ಕೊಡ್ತು. ಹಾಳುಬಿದ್ದ ಚರ್ಚಿಂದ ಇಷ್ಟು ಸಿಕ್ತು ನೋಡಿ.

ಶೆಟ್ಟಿಹಳ್ಳಿಗೂ ಬೇಕಾಗಿರೋದು ಇಷ್ಟೇ. ಗಿಡ ಕೀಳ್ಬೇಕು, ಗೋಡೆ ತಲೆ ಮೇಲೆ ಮಳೆನೀರು ಇಳಿಯದ ಹಾಗೆ ಸುಣ್ಣದ ಗಾರೆಯಲ್ಲೇ ಮುಚ್ಚಬೇಕು, ವಾಲಿರೋ ಕಡೆ ಆನಿಕೆ ಕೊಡ್ಬೇಕು, ಬೇಸಿಗೇಲಿ ಒಬ್ಬ ಕಾವಲುಗಾರ ಇರ್ಬೇಕು. ಮುಳುಗೋದನ್ನ ನಿಲ್ಲಿಸೋಕೆ ಆಗಲ್ಲ, ಆ ನೀರು ರೈತರದ್ದು, ಅದ್ರಲ್ಲಿ ಎರಡು ಮಾತಿಲ್ಲ. ಮುಳುಗಿದ್ರೂ ತಡ್ಕೊಳ್ಳೋ ಹಾಗೆ ಮಾಡ್ಬಹುದು.

ಇನ್ನೊಂದು, ಇದು ನೀವೇ ಮಾಡ್ಬಹುದಾದ ಕೆಲಸ. ಹಳೇ ಫೋಟೋ ಇದ್ರೆ ಹುಡುಕಿ, ಕಾಲೇಜ್ ಟ್ರಿಪ್ಪಿಂದು, ಅಪ್ಪನ ಆಲ್ಬಮ್ಮಿಂದು, ಯಾವುದಾದ್ರೂ ಸರಿ. ಯಾವ ಗೋಡೆ ಯಾವಾಗ ಬಿತ್ತು, ಯಾವ ಬಿರುಕು ಎಷ್ಟು ವರ್ಷದಲ್ಲಿ ಎಷ್ಟು ಅಗಲ ಆಯ್ತು ಅನ್ನೋದು ಆ ಫೋಟೋಗಳಲ್ಲೇ ಇದೆ, ನಾಳೆ ಯಾರಾದ್ರೂ ಎಂಜಿನಿಯರ್ ಬಂದು ರಿಪೇರಿಗೆ ಕೂತ್ರೆ ಅವ್ರು ಮೊದಲು ಕೇಳೋದೇ ಅದನ್ನ. ತೆಗೆದ ವರ್ಷ, ತಿಂಗಳು ಬರೆದು ನನಗೆ ಕಳಿಸಿ. ಅಮ್ಮ ಅಪ್ಪ ಯಾರಾದ್ರೂ ಡ್ಯಾಮಿಗಿಂತ ಮುಂಚೆ ಅಲ್ಲಿ ಹೋಗಿದ್ರೆ, ಅವ್ರ ಹತ್ರ ಒಂದೇ ಒಂದು ಕಪ್ಪುಬಿಳುಪು ಫೋಟೋ ಇದ್ರೂ ಸಾಕು, ಅದನ್ನ ಮೊದಲು ಕಳಿಸಿ.